ಕುಂಕುಮದ ವಿರುದ್ಧ ನನ್ನ ವಾದ

ವಾದದಲ್ಲಿ ಸೋಲುವುದು ಹೇಗೆಂದು ನನಗೆ ಯಾರೂ ಕಲಿಸಲಿಲ್ಲ. ಗೆಲ್ಲುವುದನ್ನು ಮಾತ್ರ ಮೂರು ವರ್ಷ ಕಲಿಸಿದರು. ಕಾಲೇಜಿನ ಚರ್ಚಾ ತಂಡದಲ್ಲಿದ್ದಾಗ ಚೀಟಿ ಎತ್ತುವ ತನಕ ನನ್ನ ಅಭಿಪ್ರಾಯ ಏನೆಂದು ನನಗೇ ಗೊತ್ತಿರುತ್ತಿರಲಿಲ್ಲ. ಎತ್ತಿದ ಮೇಲೆ ಹುಟ್ಟಿದಾಗಿನಿಂದ ಅದೇ ಅಭಿಪ್ರಾಯವಿತ್ತೇನೋ ಅನ್ನುವ ಹಾಗೆ ಮಾತಾಡುತ್ತಿದ್ದೆ. ಬೆಳಗ್ಗೆ ಮೊಬೈಲು ಮನುಕುಲಕ್ಕೆ ಶಾಪ ಎಂದು ಸಾಧಿಸಿ ಒಂದು ಕಪ್ಪು, ಮಧ್ಯಾಹ್ನ ಮೊಬೈಲಿಲ್ಲದೆ ಮನುಕುಲಕ್ಕೆ ಗತಿಯಿಲ್ಲ ಎಂದು ಸಾಧಿಸಿ ಇನ್ನೊಂದು ಕಪ್ಪು, ಹೀಗೆ ಒಂದೇ ದಿನ ಎರಡು ತಂದವಳು ನಾನು. ಎರಡೂ ಜಕ್ಕೂರಿನ ನಮ್ಮ ಮನೆಯ ಷೋಕೇಸಿನಲ್ಲಿ ಅಕ್ಕಪಕ್ಕ ಇವೆ. ಒಂದರಲ್ಲಿ ಅಮ್ಮ ಸೇಫ್ಟಿ ಪಿನ್ನು ಹಾಕಿಟ್ಟಿದ್ದಾಳೆ, ಇನ್ನೊಂದರಲ್ಲಿ ಅಪ್ಪನ ಬೀಗದ ಕೈ ಇರುತ್ತದೆ. ಇಂಥ ತರಬೇತಿಯ ತೊಂದರೆ ಏನೆಂದರೆ, ತೀರ್ಪುಗಾರರು ಎದ್ದು ಮನೆಗೆ ಹೋದ ಮೇಲೂ ಬಾಯಿ ನಿಲ್ಲುವುದಿಲ್ಲ. ಆಟೋದವರ ಹತ್ತಿರ, ಆಫೀಸಿನ ಮ್ಯಾನೇಜರ್ ಹತ್ತಿರ, ಹಲ್ಲು ಕೀಳುವಾಗ ಡಾಕ್ಟರ ಹತ್ತಿರ ವಾದ ಮಾಡಿ ಮುಗಿಸಿದ ಮೇಲೆ, ಹೋದ ವರ್ಷ ಒಂದು ಟಿವಿ ಪೆಟ್ಟಿಗೆಯ ಹತ್ತಿರ ವಾದಕ್ಕೆ ನಿಂತೆ.

ಅಂಗೈಯಗಲದ ಕಪ್ಪು ಪೆಟ್ಟಿಗೆ ಅದು. ಟಿವಿಗೆ ಸಿಕ್ಕಿಸಿ ಮನೆಯ ವೈಫೈ ಕೊಟ್ಟರೆ, ನಿನ್ನೆಯ ಧಾರಾವಾಹಿಯನ್ನು ಇವತ್ತು, ಇವತ್ತಿನದನ್ನು ನಾಳೆ, ಬೇಕೆಂದಾಗ ತೋರಿಸುತ್ತದೆ. ಮನೆಗೆ ತಂದವರು ಅಪ್ಪ, ಆಳುತ್ತಿದ್ದವಳು ಅಜ್ಜಿ, ಅಂದರೆ ಅಪ್ಪನ ತಾಯಿ. ಮಧ್ಯಾಹ್ನ ಊಟವಾಗಿ ಎಲೆಯಡಿಕೆ ಬಾಯಿಗೆ ಬಿದ್ದ ಮೇಲೆ ರಿಮೋಟು ಅವಳ ಕೈಗೆ ಹೋದರೆ, ಸಂಜೆ ದೀಪ ಹಚ್ಚುವ ತನಕ ವಾಪಸು ಬರುವುದಿಲ್ಲ. ಆ ಪೆಟ್ಟಿಗೆ ಒಂದೆರಡು ವಾರದಿಂದ ತೂಕಡಿಸುತ್ತಿತ್ತು. ಚಿತ್ರ ನಿಲ್ಲುವುದು, ಇದ್ದಕ್ಕಿದ್ದಂತೆ ಪರದೆ ಕಪ್ಪಾಗುವುದು. ಸರಿಯಾಗಿ ಅದಕ್ಕೂ ಸ್ವಲ್ಪ ಮೊದಲು ನಾನು ಟಿವಿ ಹಿಂದಿನ ವೈರುಗಳ ಗೋಜಲನ್ನೆಲ್ಲ ಬಿಡಿಸಿ, ಬೇಡದ್ದನ್ನು ತೆಗೆದು, ನೋಡಲು ಲಕ್ಷಣವಾಗಿ ಜೋಡಿಸಿದ್ದೆ. ಅಷ್ಟು ಅಚ್ಚುಕಟ್ಟು ಮಾಡಿಕೊಟ್ಟ ಮೇಲೂ ಪೆಟ್ಟಿಗೆಯದು ಈ ವರಸೆ ಅಂದರೆ ನನಗೆ ಸಿಟ್ಟೇ ಬಂತು. ಒಂದು ಶನಿವಾರ ಬೆಳಗ್ಗೆ, "ಇದಕ್ಕೆ ಫ್ಯಾಕ್ಟರಿ ರೀಸೆಟ್ಟೇ ಆಗಬೇಕು" ಅಂತ ಘೋಷಿಸಿದೆ.

"ಅಂಗಂದ್ರೇನವ್ವಾ?" ಅಂದಳು ಅಜ್ಜಿ.

"ಇಲ್ಲಿವರೆಗೂ ನಡೆದಿದ್ದೆಲ್ಲ ಮರೆತು, ಹೊಸದಾಗಿ ಹುಟ್ಟಿದ ಹಾಗೆ ಆಗೋದು ಅಜ್ಜಿ."

"ಓ, ನಮ್ ಧಾರಾವಾಯಿ ಸೊಸೆ ತರ. ಅವಳ್ಗೂ ಆಗೈತೆ. ಇನ್ನೂ ಗಂಡನ್ ಗುರ್ತು ಸಿಕ್ಕಿಲ್ಲ."

ಅಪ್ಪ ಪೇಪರಿನಿಂದ ತಲೆ ಎತ್ತಿ, "ಹೆಂಗೋ ಓಡ್ತಿದೆಯಲ್ಲಮ್ಮ, ಯಾಕೆ ಕೆದಕ್ತೀಯ?" ಅಂದರು. ಓಡುವುದು ಬೇರೆ, ತೆವಳುವುದು ಬೇರೆ ಎಂದು ಮೂರು ಅಂಶಗಳಲ್ಲಿ ವಿವರಿಸಿ, ಅವರು ಎರಡನೆಯ ಅಂಶದಲ್ಲೇ ಪೇಪರಿನೊಳಕ್ಕೆ ವಾಪಸಾದರೂ ಮೂರನೆಯದನ್ನೂ ಹೇಳಿ ಮುಗಿಸಿ, ಬಟನ್ ಒತ್ತಿದೆ. ಪೆಟ್ಟಿಗೆ ಎಲ್ಲ ಮರೆಯಿತು. ಪರದೆ ಮೇಲೆ ಕಂಪನಿಯ ಲಾಂಛನ ಬಂತು. ಹೋಯಿತು. ಕತ್ತಲು. ಮತ್ತೆ ಲಾಂಛನ. ಮತ್ತೆ ಕತ್ತಲು. ಹೊಸದಾಗಿ ಹುಟ್ಟು ಅಂದರೆ ಅದು ಬರೀ ಹುಟ್ಟುತ್ತಲೇ ಇತ್ತು. ಮುಂದಕ್ಕೆ ಬೆಳೆಯುವ ವಿಚಾರವನ್ನೇ ಕೈಬಿಟ್ಟಿತ್ತು. ಮನೆಯ ಮೇಲೆ ಫ್ಲೈಯಿಂಗ್ ಕ್ಲಬ್ಬಿನ ಪುಟ್ಟ ವಿಮಾನ ಗುರ್ರೆಂದು ಸುತ್ತು ಹಾಕುತ್ತಿತ್ತು. ಅದಾದರೂ ಕಲಿಯುವವರದ್ದು, ಹೊರಟಲ್ಲಿಗೇ ಬಂದು ಇಳಿಯುವುದೇ ಅದರ ಕೆಲಸ. ಇದಕ್ಕೇನು ಬಂದಿತ್ತು?

ಅಜ್ಜಿ ಗಾಬರಿಯಾಗಲಿಲ್ಲ. ಗೋಡೆಗೊರಗಿ ಕೂತು, ಕುಕ್ಕರಿನ ಕೂಗು ಲೆಕ್ಕ ಹಾಕುವ ಹಾಗೆ, ಹೆಬ್ಬೆರಳನ್ನು ಬೆರಳ ಗೆಣ್ಣುಗಳ ಮೇಲೆ ಸರಿಸುತ್ತ ಎಣಿಸತೊಡಗಿದಳು. "ಅನ್ನೊಂದು... ಅನ್ನೆರಡು..." ನಾನು ಕಸ್ಟಮರ್ ಕೇರಿಗೆ ಫೋನ್ ಹಚ್ಚಿದೆ. ಬಹಳ ವಿನಯದ ಧ್ವನಿಯೊಂದು, "ಮೇಡಂ, ಒಂದ್ಸಲ ಆಫ್ ಮಾಡಿ ಆನ್ ಮಾಡಿ" ಅಂತು.

"ಸ್ವಾಮಿ, ಅದನ್ನೇ ಅದು ನಿಮಿಷಕ್ಕೊಂದು ಸಲ ತಾನೇ ಮಾಡ್ಕೊಳ್ತಿದೆ. ಅದೇ ನನ್ನ ಕಂಪ್ಲೇಂಟು."

"ಸರಿ ಮೇಡಂ. ಪೆಟ್ಟಿಗೆ ಜೊತೆ ಬಂದಿರೋ ಅಡಾಪ್ಟರನ್ನೇ..."

"ನೋಡಿ, ಈ ಅಆಇಈ ಪ್ರಶ್ನೆಗಳನ್ನ ಬಿಟ್ಟು ನೇರವಾಗಿ ವಿಷಯಕ್ಕೆ ಬನ್ನಿ."

ಎದುರಾಳಿಯ ವಾಕ್ಯವನ್ನು ಕ್ರಿಯಾಪದಕ್ಕೆ ಮೊದಲೇ ಕತ್ತರಿಸುವುದು ನಮ್ಮ ತಂಡದಲ್ಲಿ ಒಂದು ಕಲೆ ಎನಿಸಿಕೊಂಡಿತ್ತು. ಆ ಹುಡುಗ ನೇರವಾಗಿ ವಿಷಯಕ್ಕೆ ಬಂದು, ನಾಲ್ಕು ದಿನದಲ್ಲಿ ಯಾರಾದರೂ ವಾಪಸು ಫೋನ್ ಮಾಡುತ್ತಾರೆ ಅಂದ.

ಆಗ ನನ್ನ ಕಣ್ಣಿಗೆ ಬಿದ್ದದ್ದು ಪೆಟ್ಟಿಗೆಯ ನೆತ್ತಿ. ಅಲ್ಲಿ, ವೈರು ಚುಚ್ಚುವ ತೂತಿನ ಪಕ್ಕದಲ್ಲೇ, ಒಣಗಿ ಕಂದಾದ ಅರಿಶಿನ ಕುಂಕುಮ. ಹಿಂದಿನ ಆಯುಧಪೂಜೆಯದು. ಆ ದಿನ ಅಜ್ಜಿ ಬಟ್ಟಲು ಹಿಡಿದು ಹೊರಟರೆ ಮನೆಯಲ್ಲಿ ಪ್ಲಗ್ಗಿರುವ ಯಾವುದಕ್ಕೂ ವಿನಾಯಿತಿಯಿಲ್ಲ. ಸ್ಕೂಟರು, ಮಿಕ್ಸಿ, ಫ್ರಿಜ್ಜು, ನೀರಿನ ಮೋಟರು, ಇಸ್ತ್ರಿಪೆಟ್ಟಿಗೆ, ಟಿವಿ, ಪೆಟ್ಟಿಗೆ, ಅದರ ಅಡಾಪ್ಟರು, ಅದರ ರಿಮೋಟು. ನನ್ನ ಲ್ಯಾಪ್‌ಟಾಪು, ಫೋನು, ಚಾರ್ಜರುಗಳ ಮುಂದೆ ಮಾತ್ರ ನಾನು ಕೈ ಅಡ್ಡ ಹಿಡಿದು ನಿಂತಿದ್ದೆ. "ಆಯುಧ ಅಂದ್ರೆ ಕತ್ತಿ, ಗುದ್ದಲಿ. ಮಿಕ್ಸಿ ಯಾವ ಯುದ್ಧಕ್ಕೆ ಹೋಗಿತ್ತಜ್ಜಿ?" ಅಂತ ಕೇಳಿದ್ದಕ್ಕೆ ಅವಳು, "ನೇಗ್ಲಿಗೆ ಇಟ್ ಕೈ ಕಣವ್ವಾ ಇದು. ಈಗ ನೇಗ್ಲೆಲ್ಲೈತೆ? ಇರಾದುಕ್ಕೆ ಇಡ್ತೀನಿ" ಅಂದಿದ್ದಳು. ನೇಗಿಲಿದ್ದ ಹೊಲದ ಮೇಲೆ ಈಗ ಹದಿನಾಲ್ಕು ಅಂತಸ್ತಿನ ಅಪಾರ್ಟ್‌ಮೆಂಟಿದೆ. ಉತ್ತರ ಚೆನ್ನಾಗಿತ್ತು ಅನ್ನುವುದನ್ನು ನಾನು ಆಗ ಒಪ್ಪಿರಲಿಲ್ಲ. ಚರ್ಚೆಯ ನಿಯಮದ ಪ್ರಕಾರ ಅದು ಭಾವನಾತ್ಮಕ ವಾದ, ಅಂಕ ಸಿಗುವುದಿಲ್ಲ.

ಈಗ ಸಾಕ್ಷಿ ಕೈಯಲ್ಲೇ ಇತ್ತು. ಕುಂಕುಮದ ಪುಡಿ ತೂತಿನೊಳಗೆ ಇಳಿದಿದೆ, ಒಳಗೆಲ್ಲೋ ಕಚ್ಚಿಕೊಂಡಿದೆ, ಪೆಟ್ಟಿಗೆ ಕೆಟ್ಟಿದೆ. "ನಿನ್ನ ಪೂಜೆಯೇ ಇದನ್ನ ಕೊಂದಿದ್ದು ಅಜ್ಜಿ" ಅಂದೆ.

ಎಣಿಕೆ ನಿಂತಿತು. ಅಜ್ಜಿ ನನ್ನನ್ನೇ ನೋಡಿದಳು. "ಐವತ್ ವರ್ಸ ಇಟ್ಟಿದೀನಿ. ಒಂದ್ ಮೋಟ್ರು ಕೆಟ್ಟಿಲ್ಲ. ಕುಂಕ್ಮುಕ್ಕೆ ಕೆಟ್ಟೆಸ್ರು ತರ್ಬ್ಯಾಡ."

"ಸಾಬೀತು ಮಾಡ್ತೀನಿ. ಮಾಡಿದ್ರೆ ಈ ಸಲದಿಂದ ಯಾವ ಮೆಷಿನ್ನಿಗೂ ಇಡಬಾರದು."

"ಆಗ್ದಿದ್ರೆ?"

"ಆಗದಿದ್ರೆ ನಾನೇ, ನನ್ನ ಕೈಯಾರೆ, ಎಲ್ಲದಕ್ಕೂ ಇಡ್ತೀನಿ."

ಆಯುಧಪೂಜೆಗೆ ಉಳಿದಿದ್ದದ್ದು ಎರಡೇ ವಾರ. ಅಪ್ಪ ಪೇಪರು ಮಡಚಿದರು. ನಮ್ಮ ಮನೆಯಲ್ಲಿ ಪೇಪರು ಮಡಚುವುದು ಅಂದರೆ ವಿಷಯ ಗಂಭೀರವಾಗಿದೆ ಎಂದರ್ಥ. ಅಜ್ಜಿ ಮಾತ್ರ ಮತ್ತೆ ಪರದೆಯ ಕಡೆ ತಿರುಗಿ, ಲಾಂಛನ ಬಂದು ಹೋಗುವುದನ್ನು ಇನ್ನೊಂದು ಮೂರು ಸಲ ನೋಡಿ, ತನಗೆ ತಾನೇ ಅನ್ನುವ ಹಾಗೆ ಅಂದಳು: "ಒಟ್ಟೆಗಿಲ್ದಿರೋ ಎತ್ತು ಇಂಗೇ ಮಾಡಾದು. ಏಳ್ತದೆ, ಎರಡೆಜ್ಜೆ ಇಡ್ತದೆ, ಕೂತ್ಕಂಬುಡ್ತದೆ. ಇದುಕ್ಕೆ ಮೇವ್ ಸಾಲ್ತಿಲ್ಲ ಕಣವ್ವಾ."

"ಹೋಲಿಕೆ ಪುರಾವೆ ಆಗಲ್ಲ ಅಜ್ಜಿ" ಅಂದೆ.

ಅಂದೇ ಮಧ್ಯಾಹ್ನ ಪೆಟ್ಟಿಗೆಯನ್ನು ಕರ್ಚೀಫಿನಲ್ಲಿ ಸುತ್ತಿಕೊಂಡು, ಸಾಕ್ಷಿ ಉದುರಬಾರದಲ್ಲ, ಯಲಹಂಕದ ರಿಪೇರಿ ಅಂಗಡಿಗೆ ಹೋದೆ. ಅಂಗಡಿಯವರು ನಿಧಾನದ ಮನುಷ್ಯ. ಪೆಟ್ಟಿಗೆ ಬಿಚ್ಚಿ, ಭೂತಗನ್ನಡಿ ಹಿಡಿದು, ಬ್ರಷ್ ಆಡಿಸಿ ನೋಡಿದರು. "ಒಳಗೆ ಕ್ಲೀನಾಗಿದೆ ಮೇಡಂ. ಕುಂಕುಮ ಬರೀ ಮೇಲಿದೆ" ಅಂದರು. ಒಳಗಿದ್ದದ್ದು ಬರುವ ದಾರಿಯಲ್ಲಿ ಉದುರಿರಬಹುದು ಅಂದೆ. ಹಾಗಾದರೆ ಕರ್ಚೀಫಲ್ಲಿ ಇರಬೇಕಿತ್ತಲ್ಲ ಅಂದರು. ಇಬ್ಬರೂ ಕರ್ಚೀಫು ನೋಡಿದೆವು. ಅವರು ಪೆಟ್ಟಿಗೆ ಮುಚ್ಚಿ, ತಮ್ಮ ಮೇಜಿನ ಮೇಲಿದ್ದ ವೈರಿಗೆ ಚುಚ್ಚಿದರು. ಲಾಂಛನ ಬಂತು, ಹೋಗಲಿಲ್ಲ. ನಿಮ್ಮ ಭಾಷೆ ಯಾವುದು ಎಂದು ಪೆಟ್ಟಿಗೆ ನಯವಾಗಿ ಕೇಳಿತು.

"ಸೂಪರಾಗಿ ಓಡ್ತಿದೆ ಮೇಡಂ."

"ನಿಮ್ಮ ಅಂಗಡೀಲಿ ಓಡಿದ್ರೆ ನನಗೇನ್ರೀ ಬಂತು? ನನಗೆ ಮನೇಲಿ ಓಡ್ಬೇಕು."

"ಅದಕ್ಕೆ ನೀವು ಮನೆ ತರಬೇಕಿತ್ತು" ಅಂದರು ಅವರು, ಮುಖದಲ್ಲಿ ಒಂದಿಷ್ಟೂ ನಗುವಿಲ್ಲದೆ. ಚರ್ಚಾ ತಂಡದಲ್ಲಿ ಇಂಥವರೊಬ್ಬರು ಇರಬೇಕಿತ್ತು.

ಮನೆಗೆ ತಂದು, ಟಿವಿ ಹಿಂದೆ ಮೊದಲಿದ್ದ ಹಾಗೆಯೇ ಸಿಕ್ಕಿಸಿದೆ. ಲಾಂಛನ. ಕತ್ತಲು. ಲಾಂಛನ. ಅಜ್ಜಿ ಎಲ್ಲ ಕೇಳಿಸಿಕೊಂಡು, "ಆ ಅಂಗ್ಡೀಲಿ ಒಟ್ಟೆ ತುಂಬ ಆಕವ್ರೆ, ನಡೀತು. ಇಲ್ಲಿ ಆಕ್ತಿಲ್ಲ, ಕೂತ್ಕಂತು" ಅಂದಳು. ಎತ್ತಿನ ವಾದಕ್ಕೆ ಹೊಸ ಬೆಂಬಲ ಸಿಕ್ಕಿದ್ದು ನನಗೆ ಸ್ವಲ್ಪವೂ ಇಷ್ಟವಾಗಲಿಲ್ಲ. ಭಾನುವಾರ ಬೆಳಗ್ಗೆಯಿಡೀ ನಾನು ಕುಂಕುಮದ ಪರವಾಗಿ, ಅಂದರೆ ಅದರ ಅಪರಾಧದ ಪರವಾಗಿ, ಹೊಸ ಸಿದ್ಧಾಂತಗಳನ್ನು ಕಟ್ಟುತ್ತಿದ್ದೆ: ಬಿಸಿಗೆ ಕರಗಿರಬಹುದು, ತೇವಕ್ಕೆ ಹಬ್ಬಿರಬಹುದು, ಯಲಹಂಕದ ಹವೆಗೂ ಜಕ್ಕೂರಿನ ಹವೆಗೂ ವ್ಯತ್ಯಾಸವಿರಬಹುದು. ಮಧ್ಯಾಹ್ನ ಅಜ್ಜಿ ಊಟ ಮಾಡಿ, ಎಲೆಯಡಿಕೆ ಹಾಕಿಕೊಂಡು, ಅಭ್ಯಾಸಬಲದಿಂದ ರಿಮೋಟು ಕೈಗೆ ತೆಗೆದುಕೊಂಡು, ಹುಟ್ಟುತ್ತ ಸಾಯುತ್ತಿದ್ದ ಲಾಂಛನದ ಮುಂದೆ ಸುಮ್ಮನೆ ಕೂತಳು. ಎಣಿಸಲೂ ಇಲ್ಲ. ಅದನ್ನು ನೋಡಲಾಗದೆ ನಾನು ನನ್ನ ರೂಮಿಗೆ ಎದ್ದುಹೋದೆ, ಫೋನಾದರೂ ನೋಡೋಣ ಅಂತ.

ಫೋನು ಚಾರ್ಜಿಗೆ ಹಾಕಿತ್ತು. ತೆಗೆಯಲು ಬಗ್ಗಿದೆ. ಗೋಡೆಯ ಪ್ಲಗ್ಗಿನಲ್ಲಿದ್ದ ಬಿಳಿ ಅಡಾಪ್ಟರಿನ ಹಣೆಯ ಮೇಲೆ, ಒಣಗಿ ಕಂದಾದ, ಒಂದು ಬೊಟ್ಟು ಕುಂಕುಮ.

ನನ್ನ ಯಾವ ವಸ್ತುವಿಗೂ ಕುಂಕುಮ ಇಡಲು ನಾನು ಬಿಟ್ಟಿರಲಿಲ್ಲ. ಹಾಗಾದರೆ ಇದು ನನ್ನದಲ್ಲ. ತರ್ಕ ಇಷ್ಟು ಬೇಗ, ಇಷ್ಟು ಬೇಡವಾದಾಗ ಕೆಲಸ ಮಾಡಿದ್ದನ್ನು ನಾನು ಹಿಂದೆಂದೂ ಕಂಡಿರಲಿಲ್ಲ. ಟಿವಿ ಹಿಂದಿನ ಗೋಜಲು ಬಿಡಿಸಿದ ದಿನ, ನನ್ನ ಅಡಾಪ್ಟರು ಆಫೀಸಿನಲ್ಲಿ ಉಳಿದಿತ್ತು. ಪೆಟ್ಟಿಗೆಗೆ ಪ್ರತ್ಯೇಕ ಅಡಾಪ್ಟರು ದಂಡ, ಟಿವಿಯ ಬೆನ್ನಲ್ಲೇ ಯುಎಸ್‌ಬಿ ತೂತಿದೆಯಲ್ಲ ಅಂತ, ಪೆಟ್ಟಿಗೆಯ ವೈರನ್ನು ಟಿವಿಗೇ ಚುಚ್ಚಿ, ಇದನ್ನು ನಾನು ಎತ್ತಿಕೊಂಡು ಬಂದಿದ್ದೆ. ಆವತ್ತು ಎದುರು ವಾದಿಸಲು ಯಾರೂ ಇರಲಿಲ್ಲ. ನಾನೇ ನನ್ನ ಹತ್ತಿರ ಗೆದ್ದಿದ್ದೆ. ಟಿವಿಯ ತೂತು ಕೊಡುವ ಕರೆಂಟು ಪೆಟ್ಟಿಗೆಯ ಹಲ್ಲಿಗೂ ಸಾಲುತ್ತಿರಲಿಲ್ಲ. ಎತ್ತು ಏಳುತ್ತಿತ್ತು, ಎರಡು ಹೆಜ್ಜೆ ಇಡುತ್ತಿತ್ತು, ಕೂರುತ್ತಿತ್ತು.

ಈಗ ಮುಚ್ಚುಮರೆಯಿಲ್ಲದೆ ಹೇಳುತ್ತೇನೆ: ನನಗೆ ಮೊದಲು ಹೊಳೆದದ್ದು ಸತ್ಯ ಹೇಳುವ ವಿಚಾರವಲ್ಲ. ಹತ್ತಿಗೆ ಸ್ಯಾನಿಟೈಸರ್ ಹಚ್ಚಿ ಅಡಾಪ್ಟರಿನ ಹಣೆ ಉಜ್ಜಿದೆ. ಕುಂಕುಮ ಹೋಯಿತು. ಅದರಡಿಯ ಅರಿಶಿನ ಹೋಗಲಿಲ್ಲ. ಬಿಳಿ ಪ್ಲಾಸ್ಟಿಕ್ಕಿಗೆ ಅರಿಶಿನ ಹಿಡಿದರೆ ಹಿಡಿದಂತೆಯೇ. ಉಜ್ಜಿದಷ್ಟೂ ಹಳದಿ ಅಗಲವಾಯಿತು. ಕೊನೆಗೆ ಅದನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು ಹಾಲಿಗೆ ಹೋಗಿ, ಟಿವಿಯ ಹಿಂದೆ ಕೈ ತೂರಿಸಿ ಸಿಕ್ಕಿಸಿದೆ. ಲಾಂಛನ ಬಂತು, ನಿಂತಿತು, ಪೆಟ್ಟಿಗೆ ಭಾಷೆ ಕೇಳಿತು.

"ಏನ್ ಮಾಡ್ದೆ?" ಅಂದಳು ಅಜ್ಜಿ.

"ಒಂದು ಸಣ್ಣ ತಾಂತ್ರಿಕ ಹೊಂದಾಣಿಕೆ."

ಅಜ್ಜಿ ಮೊಣಕಾಲಿಗೆ ಕೈಯೂರಿ ಎದ್ದು, ಟಿವಿಯ ಹಿಂದೆ ಬಗ್ಗಿದಳು. ಬಹಳ ಹೊತ್ತು ಬಗ್ಗಿಯೇ ಇದ್ದಳು. "ಇದು ನಾನಿಟ್ಟಿದ್ದ ಅರಿಸ್ನ. ಎಲ್ಲಿತ್ತು?"

ಮೂರು ವರ್ಷದ ತರಬೇತಿಯಲ್ಲಿ ಇಷ್ಟು ಚಿಕ್ಕ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ಪ್ರಶ್ನೆಯ ವ್ಯಾಪ್ತಿ ಸ್ಪಷ್ಟವಾಗಿಲ್ಲ ಅನ್ನಬಹುದಿತ್ತು. ಷೋಕೇಸಿನ ಎರಡು ಕಪ್ಪುಗಳೂ ನನ್ನನ್ನೇ ನೋಡುತ್ತಿದ್ದವು. "ನನ್ನ ರೂಮಲ್ಲಿ" ಅಂದೆ. "ನಾನೇ ತಗೊಂಡ್ಹೋಗಿದ್ದೆ. ಕುಂಕುಮದ್ದೇನೂ ತಪ್ಪಿಲ್ಲ."

"ಅಂಗಾರೆ ಇದ್ರ ಮೇವ ನಿನ್ ಫೋನು ತಿಂತಿತ್ತು ಅನ್ನು" ಅಂದಳು ಅಜ್ಜಿ, ಅಷ್ಟೆ. ಗೆದ್ದವರು ಹೀಗೆ ಒಂದೇ ಮಾತಾಡಿ ಕೂತುಬಿಟ್ಟರೆ ಸೋತವರಿಗೆ ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ. ಅಪ್ಪನ ಪೇಪರು ಮಾತ್ರ ಗಡಗಡ ಅಲುಗುತ್ತಿತ್ತು. ಅದರ ಹಿಂದೆ ಅವರು ನಗುತ್ತಿದ್ದರು.

ಆಯುಧಪೂಜೆಯ ದಿನ ಬಟ್ಟಲು ಹಿಡಿದು ಹೊರಟವಳು ನಾನು. ಮೊದಲೇ ಸ್ಪಷ್ಟಪಡಿಸಿದೆ: ಇದು ಒಪ್ಪಂದದ ಪಾಲನೆ, ನಂಬಿಕೆಯಲ್ಲ. ಕುಂಕುಮದಿಂದ ಕರೆಂಟು ಒಂದು ಕೂದಲೆಳೆಯಷ್ಟೂ ಹೆಚ್ಚುವುದಿಲ್ಲ, ಈಗಲೂ ಹಾಗೇ ಅನ್ನುತ್ತೇನೆ, ಯಾರು ಬೇಕಾದರೂ ಬನ್ನಿ. ಯಾವ ಅಡಾಪ್ಟರು ಯಾವುದರದ್ದು ಎಂದು ಗುರುತಿಗೆ ಮಾತ್ರ ಇಡುತ್ತಿದ್ದೇನೆ. "ಗುರ್ತಿಗೇ ಇಡವ್ವಾ, ಯಾರ್ ಬ್ಯಾಡಂದ್ರು" ಅಂದಳು ಅಜ್ಜಿ. ಸ್ಕೂಟರಿಗೆ, ಮಿಕ್ಸಿಗೆ, ಮೋಟರಿಗೆ, ಪೆಟ್ಟಿಗೆಗೆ, ಅಡಾಪ್ಟರಿನ ಹಳೇ ಹಳದಿಯ ಮೇಲೆ, ಎಲ್ಲದಕ್ಕೂ ಇಟ್ಟು, ಲ್ಯಾಪ್‌ಟಾಪಿಗೂ ಇಟ್ಟು (ಎಲ್ಲದಕ್ಕೂ ಎಂದು ಬಾಯಿಬಿಟ್ಟವಳು ನಾನೇ) ಬಟ್ಟಲು ವಾಪಸು ಕೊಟ್ಟೆ. ಅಜ್ಜಿ ಮನೆಯನ್ನೆಲ್ಲ ಒಂದು ಸಲ ಕಣ್ಣಲ್ಲೇ ಸುತ್ತಿ ಬಂದು, "ಒಂದ್ ಉಳೀತಲ್ಲ" ಅಂದು, ಬೆರಳದ್ದಿ ನನ್ನ ಗದ್ದದ ಮೇಲೆ, ತುಟಿಗೆ ಸರಿಯಾಗಿ ಕೆಳಗೆ, ಒಂದು ಬೊಟ್ಟು ಒತ್ತಿದಳು. "ಈ ಮನೇಲಿ ಎಲ್ಲಾದುಕ್ಕಿಂತ ಎಚ್ಚು ಓಡೋ ಆಯ್ದ ಇದೇಯ."

ಇದಕ್ಕೆ ನನ್ನ ಹತ್ತಿರ ಉತ್ತರವಿತ್ತು. ಒಂದಲ್ಲ, ಮೂರು ಅಂಶಗಳಲ್ಲಿತ್ತು. "ಮೊದಲನೆಯದಾಗಿ ಅಜ್ಜಿ..." ಅಂತ ಶುರು ಮಾಡಿದೆ.

ಅಜ್ಜಿ ಗೋಡೆಗೊರಗಿ ಕೂತು, ಹೆಬ್ಬೆರಳನ್ನು ಕಿರುಬೆರಳ ಗೆಣ್ಣಿನ ಮೇಲಿಟ್ಟುಕೊಂಡು, "ಒಂದು" ಅಂದಳು.