ಯಮನವ್ವನ ದೋಣಿಯ ಫೋಟೋ

ದೊಡ್ಡವರು ಯಾರಾದರೂ "ನಿಮಗಿದು ಬರ್ತದೇನು?" ಎಂದು ಕೇಳಿದರೆ ನನ್ನ ಬಾಯಿ ನನ್ನ ಅಪ್ಪಣೆಗೆ ಕಾಯದೆ "ಬರ್ತದ್ರೀ" ಎಂದುಬಿಡುತ್ತದೆ. ಇದು ಸುಳ್ಳೆಂದು ನನಗೆ ಯಾವತ್ತೂ ಅನ್ನಿಸಿಲ್ಲ. ಮುಂದೆ ಎಂದೋ ಕಲಿಯಬಹುದಾದದ್ದನ್ನು ಸ್ವಲ್ಪ ಮುಂಚಿತವಾಗಿ ಹೇಳಿರುತ್ತೇನೆ, ಅಷ್ಟೆ. ಹೀಗೆಯೇ ಹಾರ್ಮೋನಿಯಂ ಬರುತ್ತದೆಂದು ಹೇಳಿ ಒಂದು ಮದುವೆಯಲ್ಲಿ ಇಡೀ ಸಂಜೆ ಅದಕ್ಕೆ ಗಾಳಿ ಹಾಕುತ್ತ ಕುಳಿತಿದ್ದೇನೆ. ಸ್ವರ ಮಾತ್ರ ಒಂದೂ ಹೊರಡಲಿಲ್ಲ. ಬೀಗರು ಬಹಳ ಮೆಚ್ಚಿಕೊಂಡರು, ಯಾಕೆಂದರೆ ಅವರಿಗೆ ಮಾತಾಡುವುದು ಬಹಳವಿತ್ತು.

ಜಮಖಂಡಿಯಲ್ಲಿ ಇನ್ನೂ ರಾಜರ ಆಳಿಕೆ ಇದ್ದ ಕಾಲ ಅದು. ನಾನು ಅಲ್ಲಿ ಸಾಲೆಯ ಡ್ರಾಯಿಂಗ್ ಮಾಸ್ತರ. ಒಂದು ದಿನ ಸಂಸ್ಥಾನದ ಆಡಳಿತ ನೋಡುವ ಕಾರಭಾರಿಗಳು ಕರೆಸಿ, ಕೃಷ್ಣಾ ಹೊಳೆಯಲ್ಲಿ ಜನರನ್ನು ದಾಟಿಸುವ ನಾಲ್ಕು ದೋಣಿಗಳ ಪಟ್ಟಿ ಮಾಡಬೇಕಾಗಿದೆ, ಪಟ್ಟಿಯಲ್ಲಿ ಪ್ರತಿ ದೋಣಿಯ ಫೋಟೋ ಇರಬೇಕು, ಚಿತ್ರವಿಲ್ಲದ ದೋಣಿಗೆ ಮುಂದಿನ ಪರವಾನಗಿ ಇಲ್ಲ ಎಂದರು. ಉಗ್ರಾಣದಲ್ಲಿ ಹಳೆಯದೊಂದು ಕ್ಯಾಮೆರಾ ಇತ್ತು. "ಮಾಸ್ತರ, ನಿಮಗ ಫೋಟೋ ತಗೀಲಿಕ್ಕೆ ಬರ್ತದೇನು?" ಎಂದು ಕೇಳಿದರು. ಮುಂದಿನದು ನಿಮಗೆ ಗೊತ್ತೇ ಇದೆ. ಫೋಟೋದ ವಿಷಯದಲ್ಲಿ ನನ್ನ ಅನುಭವವೆಂದರೆ, ಮಿರಜಿನಲ್ಲಿ ಒಬ್ಬ ಫೋಟೋಗ್ರಾಫರನಿಗೆ ಬಿಸಿಲು ತಾಗದಂತೆ ಅರ್ಧ ಗಂಟೆ ಛತ್ರಿ ಹಿಡಿದದ್ದು.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, "ಫೋಟೋದ್ದಿರ್ಲಿ, ಹೊಳಿದೇನು? ಹಂಡೇದಾಗಿನ ನೀರ ಕಂಡ್ರೂ ಅಂಜತೀರಿ" ಎಂದಳು. ಇದು ಪೂರ್ತಿ ನಿಜವಲ್ಲ. ಹಂಡೆಯ ನೀರಿನ ತಳ ನನಗೆ ಕಾಣುತ್ತದೆ. ತಳ ಕಾಣದ ನೀರಿಗೆ ಮಾತ್ರ ನಾನು ಅಂಜುವುದು.

ದೋಣಿ ನಾಲ್ಕು, ಗಾಜಿನ ಪ್ಲೇಟುಗಳೂ ನಾಲ್ಕೇ. ಕೆಟ್ಟರೆ ಇನ್ನೊಂದಿಲ್ಲ. ಮೊದಲಿನ ಮೂರು ದೋಣಿಗಳ ಕೆಲಸ ಒಂದು ರೀತಿ ಮುಗಿಯಿತು. ಒಂದು ಕಡೆ ಅಂಬಿಗರ ಮನೆತನವೆಲ್ಲ ಹೊಸ ರುಮಾಲು ಸುತ್ತಿಕೊಂಡು ಬಂದು ದೋಣಿಯ ಮುಂದೆ ಸಾಲಾಗಿ ನಿಂತುಬಿಟ್ಟಿತು. ಆ ಫೋಟೋದಲ್ಲಿ ದೋಣಿಯ ಮೂತಿ ಒಬ್ಬ ಮುದುಕನ ಕಿವಿಯ ಪಕ್ಕದಲ್ಲಿ ಒಂದು ಗೇಣಿನಷ್ಟು ಕಾಣುತ್ತದೆ. ಇನ್ನೊಂದರಲ್ಲಿ ಮುಧೋಳದ ಒಂದು ಬೇಟೆನಾಯಿ ಇತ್ತು. ಅದು ತಲೆ ಆಡಿಸಿದ್ದರಿಂದ, ಮುಂದೆ ತೊಳೆದು ಬಂದ ಫೋಟೋದಲ್ಲಿ ಅದಕ್ಕೆ ಮೂರು ತಲೆ. ದೋಣಿಗೆ ಮಾತ್ರ ಏನೂ ಆಗಿರಲಿಲ್ಲ. ಕಚೇರಿಗೆ ಬೇಕಾದದ್ದು ದೋಣಿಯೇ ಆದ್ದರಿಂದ ನಾನು ಸಮಾಧಾನ ಮಾಡಿಕೊಂಡೆ.

ನಾಲ್ಕನೆಯದು ಯಮನವ್ವನದು. ಹೆಸರು ಕೇಳಿದಾಗಲೇ ನನ್ನ ಧೈರ್ಯ ಸ್ವಲ್ಪ ಕುಗ್ಗಿತ್ತು. ಗಂಡ ತೀರಿಕೊಂಡ ಮೇಲೆ ಎಂಟು ವರ್ಷದಿಂದ ಅವಳೇ ದೋಣಿ ನಡೆಸುತ್ತಿದ್ದಳು. ಪರವಾನಗಿ ಮಾತ್ರ ಇನ್ನೂ ಸತ್ತವನ ಹೆಸರಿನಲ್ಲೇ ಇತ್ತು. ಹೊಸ ಪಟ್ಟಿಯಲ್ಲಿ ತನ್ನ ಹೆಸರು ಬರುತ್ತದೆಂದು ಅವಳಿಗೆ ಎಷ್ಟು ಹಿಗ್ಗೆಂದರೆ, ದೋಣಿಯನ್ನು ತೊಳೆದು, ಮೂತಿಗೆ ಅರಿಷಿಣ ಕುಂಕುಮ ಹಚ್ಚಿ, ತಾನೂ ಇಳಕಲ್ಲ ಸೀರೆ ಉಟ್ಟು ನನಗಿಂತ ಮೊದಲು ದಡದಲ್ಲಿ ನಿಂತಿದ್ದಳು.

ನಾನು ಮೂರುಕಾಲಿನ ಸ್ಟ್ಯಾಂಡು ನೆಟ್ಟು, ಕರಿ ಬಟ್ಟೆಯೊಳಗೆ ತಲೆ ಹಾಕಿ, ದೋಣಿಯನ್ನು ಹಿಂದಿನ ಗಾಜಿನಲ್ಲಿ ಸರಿಯಾಗಿ ಕೂರಿಸಿದೆ. "ನಾನೂ ನೋಡ್ಲೇನ್ರಿ?" ಎಂದಳು. ನೋಡು ಎಂದೆ. ಅವಳು ಬಟ್ಟೆಯೊಳಗೆ ತಲೆ ಹಾಕಿದ್ದೇ ಚೀರಿಕೊಂಡು ಹೊರಗೆ ಬಂದಳು.

"ಮಾಸ್ತರ್ರ, ನನ್ನ ದೋಣಿ ಬೋರಲ ಬಿದ್ದೈತ್ರಿ!"

ಕ್ಯಾಮೆರಾದ ಗಾಜಿನಲ್ಲಿ ಎಲ್ಲವೂ ತಲೆಕೆಳಗಾಗಿಯೇ ಕಾಣುತ್ತದೆ, ಫೋಟೋದಲ್ಲಿ ಸರಿಯಾಗುತ್ತದೆ ಎಂದು ಹೇಳಿದೆ. ಅವಳು ಹೊಳೆಯ ಕಡೆ ನೋಡಿದಳು, ಕ್ಯಾಮೆರಾದ ಕಡೆ ನೋಡಿದಳು. "ಎಂಟ ವರ್ಷ ಆತ್ರಿ, ಗಾಳಿ ಬಂತು, ಮಹಾಪೂರ ಬಂತು, ಒಂದ ಸಲ ಬೋರಲ ಬಿದ್ದಿಲ್ಲ. ನಿಮ್ಮ ಡಬ್ಬಿಯೊಳಗ ಹೋದ ಕೂಡ್ಲೆ ಬಿತ್ತು. ನನಗ ಫೋಟೋ ಬ್ಯಾಡ್ರಿ." ಫೋಟೋ ಇಲ್ಲದಿದ್ದರೆ ಪರವಾನಗಿ ಇಲ್ಲ ಎಂದೆ. ಅವಳ ಕಣ್ಣಲ್ಲಿ ನೀರು ಬಂತು. "ತಗಸಿದ್ರ ಜೀವಕ್ಕ ಅಂಜಿಕಿ, ಬಿಟ್ರ ಹೊಟ್ಟಿಗಿಲ್ಲ. ನಾ ಏನ ಮಾಡ್ಲಿ ಹೇಳ್ರಿ" ಎಂದಳು.

ಬಗ್ಗಿ, ತಲೆ ತಿರುವಿ ನೋಡಿದರೆ ದೋಣಿ ನೆಟ್ಟಗೆ ಕಾಣುತ್ತದೆ ಎಂದು ತೋರಿಸಲು ನಾನೇ ಬಟ್ಟೆಯೊಳಗೆ ಹೊಕ್ಕು ನೆತ್ತಿ ಕೆಳಗೆ ಮಾಡಿದೆ. ಟೊಪ್ಪಿಗೆ ಬಿತ್ತು. ಹೊಳೆ ದಾಟಲು ಎಮ್ಮೆಯೊಂದನ್ನು ಹೊಡೆದುಕೊಂಡು ಬಂದಿದ್ದ ರೈತ ಇದನ್ನೆಲ್ಲ ನೋಡುತ್ತಿದ್ದವನು, "ಯಮನವ್ವ, ಮಾಸ್ತರ್ರಿಗೆ ಅಷ್ಟ ಖಾತ್ರಿ ಇದ್ರ ಅವರನ್ನೂ ದೋಣಿಯಾಗ ಕೂಡ್ರಿಸ್ಕೊಂಡ ಒಂದ ಸಲ ಹೋಗಿ ಬಾ. ಬೋರಲ ಬೀಳಲಿಲ್ಲಂದ್ರ ಫೋಟೋ ತಗಸು" ಎಂದ. ಯಮನವ್ವನ ಮುಖ ಅರಳಿತು. "ಹೌದ್ರಿ ಮಾಸ್ತರ್ರ, ನೀವೂ ಬರ್ರಿ. ಬರ್ತೀರೇನ್?" ಎಂದಳು.

ಯಮನವ್ವ ದೊಡ್ಡವಳಲ್ಲ, ಕಾರಭಾರಿಯಲ್ಲ. ಇಲ್ಲ ಎನ್ನಬಹುದಾಗಿತ್ತು. ಆದರೆ ಅವಳ ಕಣ್ಣು ಇನ್ನೂ ಒದ್ದೆಯಾಗಿತ್ತು.

ನಮ್ಮ ಕಡೆ ದೋಣಿಯನ್ನು ಕಟ್ಟಿದ ಜಾಗದಿಂದಲೇ ಆಚೆ ದಡಕ್ಕೆ ಬಿಡುವುದಿಲ್ಲ. ಮೊದಲು ಹಗ್ಗ ಕಟ್ಟಿ ದಡದ ಮೇಲೆ ನಡೆಯುತ್ತ ಹೊಳೆಯ ಮೇಲಕ್ಕೆ ಎರಡು ಹೊಲದಷ್ಟು ಎಳೆಯಬೇಕು. ಅಲ್ಲಿಂದ ಬಿಟ್ಟರೆ ಸೆಳವೇ ಅದನ್ನು ಓರೆಯಾಗಿ ಒಯ್ದು ಎದುರಿನ ದಡಕ್ಕೆ ಮುಟ್ಟಿಸುತ್ತದೆ. ಎಳೆಯಲು ನಾನೂ ಕೈ ಹಚ್ಚಿದೆ. ಅಷ್ಟು ಮನಸ್ಸಿಟ್ಟು ಮಾಡಿದ ಕೆಲಸ ನನ್ನ ಜೀವನದಲ್ಲಿ ಇನ್ನೊಂದಿಲ್ಲ, ಯಾಕೆಂದರೆ ಎಳೆಯುವಷ್ಟು ಹೊತ್ತು ಕಾಲುಗಳು ನೆಲದ ಮೇಲಿರುತ್ತಿದ್ದವು. "ಸಾಕ್ರಿ ಮಾಸ್ತರ್ರ, ಇನ್ನ ಮುಂದಿನ ಊರ ಬರತೈತಿ" ಎಂದು ರೈತ ಹಗ್ಗ ಕಸಿದುಕೊಂಡ.

ದೋಣಿಯಲ್ಲಿ ಕಾಲಿಟ್ಟ ಮೇಲೆ ಏನಾಯಿತೆಂದು ನಾನು ವಿವರವಾಗಿ ಹೇಳಲಾರೆ. ಹೆಚ್ಚಿನ ಹೊತ್ತು ಕಣ್ಣು ಮುಚ್ಚಿದ್ದೆ. ಹುಟ್ಟಿನ ಸಪ್ಪಳ ಕೇಳುತ್ತಿತ್ತು. ಕುತ್ತಿಗೆಯ ಮೇಲೆ ಬಿಸಿ ಉಸಿರು ಬೀಳುತ್ತಿತ್ತು, ಅದು ಎಮ್ಮೆಯದು. ಕೈಯಲ್ಲಿ ಏನೋ ಬಟ್ಟೆ ಇತ್ತು. ಆಚೆ ದಡದಲ್ಲಿ ರೈತನೂ ಎಮ್ಮೆಯೂ ಇಳಿದರು. ಅಲ್ಲಿ ಎಮ್ಮೆ ಕೊಳ್ಳಬೇಕಾಗಿದ್ದವನು ಒಲ್ಲೆ ಎಂದನೆಂದು ತೋರುತ್ತದೆ, ಬೇಗನೆ ರೈತ ಬೈಯುತ್ತ ಅದನ್ನು ತಿರುಗಿ ಹತ್ತಿಸಿದ. ಹೀಗೆ ಎಲ್ಲರೂ ಕೂಡಿಯೇ ಈಚೆ ಬಂದೆವು.

"ನೋಡ್ರಿ, ಬೋರಲ ಬೀಳಲಿಲ್ಲ!" ಎಂದು ಯಮನವ್ವ ನನಗೇ ಧೈರ್ಯ ಹೇಳಿದಳು. ದೋಣಿಯ ನಡುವೆ ಹುಟ್ಟು ಹಿಡಿದು ನೆಟ್ಟಗೆ ನಿಂತಳು. ನಾನು ಪ್ಲೇಟು ಸೇರಿಸಿ, ಲೆನ್ಸಿನ ಮುಚ್ಚಳ ತೆಗೆದು, ಮೂರು ಎಣಿಸಿ, ಮುಚ್ಚಿದೆ. ಅವಳು ಕೈಮುಗಿದಳು.

ಪ್ಲೇಟುಗಳನ್ನು ತೊಳೆಯಲು ಮಿರಜಿಗೆ ಕಳಿಸಿದ್ದೆವು. ಎಂಟು ದಿನಕ್ಕೆ ತಿರುಗಿ ಬಂದವು. ನಾಲ್ಕನೆಯದರ ಜೊತೆ ಒಂದು ಚೀಟಿ ಇತ್ತು: "ಇದು ತಪ್ಪಿ ಬಂದ ಕಿಟಕಿಯ ಗಾಜು ಇರಬಹುದೆ?" ಪ್ಲೇಟಿಗೆ ಮುಂದೆ ಒಂದು ಹಲಗೆಯ ಮುಚ್ಚಳವಿರುತ್ತದೆ, ಅದನ್ನು ಎಳೆಯದಿದ್ದರೆ ಒಳಗೆ ಬೆಳಕೇ ಹೋಗುವುದಿಲ್ಲ. ಹೊಳೆಯ ಅಂಜಿಕೆಯಲ್ಲಿ ಈ ಸಲ ಅದನ್ನು ಎಳೆಯಲು ಮರೆತಿದ್ದೆ.

ಎರಡು ದಿನ ಊಟ ಸೇರಲಿಲ್ಲ. ಅಷ್ಟು ಅಂಜಿಕೆ ಮೀರಿ ಸೀರೆಯುಟ್ಟು ನಿಂತಿದ್ದ ಯಮನವ್ವ ನನ್ನ ಕೈಯಿಂದ ದೋಣಿ ಕಳೆದುಕೊಳ್ಳುವುದರಲ್ಲಿದ್ದಳು. ಹೆಂಡತಿಯೇ, "ಸುಮ್ಮ ಕುಂತ್ರ ಆ ಗಾಜಿನಾಗ ಚಿತ್ರ ಮೂಡತದೇನು? ಹೋಗಿ ಖರೆ ಹೇಳ್ರಿ" ಎಂದು ಎಬ್ಬಿಸಿದಳು. ಕಾರಭಾರಿಗಳ ಮುಂದೆ ನಿಂತು, ಫೋಟೋ ತೆಗೆಯಲು ನನಗೆ ಬರುವುದಿಲ್ಲವೆಂದು ಒಪ್ಪಿಕೊಂಡೆ. ಆ ಮಾತು ಹೇಳುವುದು ಹೊಳೆ ದಾಟಿದ್ದಕ್ಕಿಂತ ಕಷ್ಟವಾಯಿತು. ಅವರು ಗಾಜನ್ನು ಬೆಳಕಿಗೆ ಹಿಡಿದು, ಅದರ ಮೂಲಕ ನನ್ನನ್ನೇ ನೋಡಿದರು. "ಚಿತ್ರ ಬರೀಲಿಕ್ಕರ ಬರ್ತದೋ ಇಲ್ಲೋ?" ಎಂದರು. "ಬರೆದು ತರ್ರಿ. ಆದ್ರ ಇದ್ದದ್ದು ಇದ್ಹಾಂಗ ಇರಬೇಕು. ಕೆಳಗ ಅಕಿದು ಹೆಬ್ಬೆಟ್ಟು ಬೇಕು."

ಇದಂತೂ ನನಗೆ ನಿಜವಾಗಿಯೂ ಬರುತ್ತಿತ್ತು. ಇಡೀ ಭಾನುವಾರ ಕೂತು ಬರೆದೆ. ಉಕ್ಕುವ ಹೊಳೆ, ದೋಣಿ, ಹುಟ್ಟು ಹಿಡಿದ ಯಮನವ್ವ, ಎಮ್ಮೆ, ಅದರ ಹಿಂದೆ ಮರೆಯಾದ ರೈತ. ಮೂತಿಯ ಮೇಲೆ ಒಂದು ಕಾಲಿಟ್ಟು, ಆಚೆ ದಡದತ್ತ ಕೈ ಚಾಚಿ ನಿಂತ ನಾನು.

ಯಮನವ್ವ ಚಿತ್ರವನ್ನು ಬಹಳ ಹೊತ್ತು ನೋಡಿದಳು. ಮೊದಲು ಅದು ಬೋರಲು ಇಲ್ಲವೆಂದು ಖಾತ್ರಿ ಮಾಡಿಕೊಂಡಳು. ದೋಣಿಯ ಒಂದೊಂದು ಹಲಗೆಯ ಮೇಲೂ ಬೆರಳಾಡಿಸಿ, "ಥೇಟ್ ನನ್ನ ದೋಣೀರಿ" ಎಂದಳು. ಹೆಬ್ಬೆಟ್ಟಿಗೆ ಮಸಿ ಹಚ್ಚಿಕೊಂಡವಳು ಮತ್ತೆ ತಡೆದಳು.

"ಇಂವ ಯಾರ್ರಿ, ಮೂತಿ ಮ್ಯಾಲ ನಿಂತಾಂವ?"

"ನಾನು."

"ನೀವು ಇಲ್ಲಿ ನಿಂತಿದ್ದಿಲ್ಲಲ್ರಿ ಮಾಸ್ತರ್ರ. ತಳದಾಗ ಮುದ್ದಿಯಾಗಿ ಬಿದ್ದಿದ್ರಿ. ನನ್ನ ಸೆರಗ ಹಿಡಕೊಂಡಿದ್ರಿ." ಧ್ವನಿಯಲ್ಲಿ ಹಾಸ್ಯ ಇರಲಿಲ್ಲ, ಅಂಜಿಕೆ ಇತ್ತು. "ಸುಳ್ಳಿಗೆ ಹೆಬ್ಬೆಟ್ಟ ಒತ್ತಿದ್ರ ನನ್ನ ಪರವಾನಗಿ ಹೋಗೂದಿಲ್ಲೇನ್ರಿ?"

ನಾನು ರಬ್ಬರು ತೆಗೆದು ನನ್ನನ್ನು ಅಳಿಸಿದೆ. ತಳದಲ್ಲಿ, ಎಮ್ಮೆಯ ಮುಂಗಾಲುಗಳ ಹತ್ತಿರ, ಇದ್ದದ್ದನ್ನು ಇದ್ದ ಹಾಗೆ ಬರೆದೆ. ಅವಳು ನೋಡಿ ತಲೆಯಾಡಿಸಿ, ಗಟ್ಟಿಯಾಗಿ ಹೆಬ್ಬೆಟ್ಟು ಒತ್ತಿದಳು.

ಕಚೇರಿಯ ಕಾರಕೂನ ಚಿತ್ರ ನೋಡುತ್ತ ಪಟ್ಟಿಯಲ್ಲಿ ಬರೆದುಕೊಂಡ: ದೋಣಿ ಒಂದು, ನಡೆಸುವವಳು ಯಮನವ್ವ, ಎಮ್ಮೆ ಒಂದು, ರೈತ ಒಬ್ಬ, ಗಂಟು ಒಂದು. ಗಂಟು ಯಾವುದು ಎಂದು ಕೇಳಿದೆ. ಅವನು ಲೆಕ್ಕಣಿಕೆಯ ತುದಿಯಿಂದ ನನ್ನನ್ನು ತೋರಿಸಿದ. "ಇದು ಗಂಟಲ್ಲೇನ್ರಿ ಮಾಸ್ತರ?" ಎಂದ. ಪಕ್ಕದಲ್ಲಿ ಯಮನವ್ವ ಉಸಿರು ಹಿಡಿದು ನಿಂತಿದ್ದಳು. ನಾನು ಗಂಟೇ ಎಂದೆ. "ವಜ್ಜೆ ಎಷ್ಟು?" ಎಂದ. ನನ್ನ ತೂಕ ಹೇಳಿದೆ.

"ಅಬಬ, ಇಷ್ಟ ವಜ್ಜೆ ಗಂಟು, ಮ್ಯಾಲೊಂದ ಎಮ್ಮಿ! ದೋಣಿ ಗಟ್ಟಿ ಐತಿ ಬಿಡ್ರಿ" ಎಂದು ಅವನು ಯಮನವ್ವನ ಹೆಸರಿನ ಪರವಾನಗಿಗೆ ಮುದ್ರೆ ಒತ್ತಿ ಕೊಟ್ಟ.