ಬಾಗಿಲಲ್ಲಿ ಉಳಿದ ಚಪ್ಪಲಿ

ಕೆಲವರಿಗೆ ಶಂಕರಪುರ ಮಲ್ಲಿಗೆಯ ಪರಿಮಳ ಬಂದರೆ ಹಳೆಯ ದಿನಗಳು ನೆನಪಾಗುತ್ತವಂತೆ. ಇನ್ನು ಕೆಲವರಿಗೆ ತುಪ್ಪ ಕಾಯಿಸುವ ವಾಸನೆ ಸಾಕು. ನನಗೆ ಮಾತ್ರ ತಲೆಗೂದಲ ಬಣ್ಣದ ವಾಸನೆಯೇ ಆಗಬೇಕು. ಹೋದ ತಿಂಗಳು ಮಣಿಪಾಲದ ಒಂದು ಪಾರ್ಲರಿನಲ್ಲಿ ಹುಡುಗಿ ಬಣ್ಣದ ಟ್ಯೂಬನ್ನು ಬಟ್ಟಲಿಗೆ ಹಿಂಡಿದ್ದೇ ತಡ, ಅದರೊಳಗಿನ ಅಮೋನಿಯಾ ಮೂಗಿಗೆ ಬಡಿಯಿತು. ಕೊರಳಿಗೆ ಕಟ್ಟಿದ ಪ್ಲಾಸ್ಟಿಕ್ ಹಾಳೆಯ ಸಮೇತ ನಾನು ರಸ್ತೆಗೆ ಬಂದು ನಿಂತಿದ್ದೆ. ಹುಡುಗಿ ಹಿಂದೆಯೇ ಓಡಿಬಂದು, "ಎಂತಾಯ್ತು ಆಂಟಿ? ಬಣ್ಣ ಬೇಡ್ವಾ?" ಎಂದಳು. ಬಣ್ಣ ಬೇಕಿತ್ತು. ಆದರೆ ಅದಕ್ಕಿಂತ ಮೊದಲು ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ನೋಡಬೇಕಿತ್ತು.

ಇದರ ಮೂಲ ಕಾಪುವಿನ ಕಡಲ ಬದಿಯಲ್ಲಿದ್ದ ಒಂದು ಐಸ್ ಪ್ಲಾಂಟಿನಲ್ಲಿದೆ. ಬಿ.ಕಾಂ. ಮುಗಿಸಿ ನಾನು ಮೊದಲು ಲೆಕ್ಕ ಬರೆಯಲು ಸೇರಿದ್ದು ಅಲ್ಲಿ. ಮೀನಿನ ಲಾರಿಗಳಿಗೆ ಬೇಕಾದ ಮಂಜುಗಡ್ಡೆ ತಯಾರಾಗುವುದು ಅಮೋನಿಯಾದಿಂದ ಎಂದು ತಿಳಿದಾಗ ಒಂದು ವಾರ ನಾನು ಯಾರ ಮನೆಯ ಶರಬತ್ತನ್ನೂ ಕುಡಿದಿರಲಿಲ್ಲ. ಗ್ಯಾಸು ಕೊಳವೆಯೊಳಗೇ ಓಡಾಡಿ ನೀರನ್ನು ತಣ್ಣಗೆ ಮಾಡುತ್ತದೆ, ಐಸಿಗೆ ಸೇರುವುದಿಲ್ಲ ಎಂದು ಮೆಷಿನ್ ರೂಮಿನ ಸುಂದರಣ್ಣ ವಿವರಿಸಿದ ಮೇಲೆಯೇ ಸಮಾಧಾನ. "ಅದು ಕೊಳವೆಯೊಳಗೆ ಇರುವಷ್ಟು ದಿನ ನಮ್ಮ ಮನೆಯ ದನದ ಹಾಗೆ ಅಕ್ಕ. ಹೊರಗೆ ಬಂತೋ, ಮತ್ತೆ ಗುರುತು ಪರಿಚಯ ಇಲ್ಲ," ಎನ್ನುತ್ತಿದ್ದ.

ಎಷ್ಟು ಚೆಂದದ ಆಫೀಸು ಅದು! ನಾಲ್ಕೇ ಜನ: ನಾನು, ಬಿಲ್ಲು ಬರೆಯುವ ವಾರಿಜಕ್ಕ, ಕ್ಯಾಷಿಯರ್ ಲೂಯಿಸ್ ಪೊರ್ಬುಗಳು, ಮತ್ತು ಪ್ಲಾಂಟಿನ ಮಾಲೀಕರಾದ ನಮ್ಮ ಧನಿಗಳು. ಹತ್ತು ಗಂಟೆಗೆ ಚಹಾದ ಜೊತೆ ಗೋಳಿಬಜೆ, ಮಧ್ಯಾಹ್ನ ಕಿಟಕಿಯಿಂದ ಕಡಲ ಗಾಳಿ. ಹೊರಗೆಲ್ಲ ಮೀನಿನ ನೀರು, ಉಪ್ಪು, ಕೆಸರು. ಒಳಗೆ ದೇವರ ಪಟ. ಹಾಗಾಗಿ ಚಪ್ಪಲಿ ಬಾಗಿಲ ಹೊರಗೇ ಬಿಡಬೇಕೆಂದು ಧನಿಗಳ ಕಟ್ಟಪ್ಪಣೆ. ಯಾರು ಬಂದಿದ್ದಾರೆ, ಯಾರು ಹೋಗಿದ್ದಾರೆ ಎಂದು ತಿಳಿಯಲು ನಾವು ಚಪ್ಪಲಿ ನೋಡುತ್ತಿದ್ದೆವು. ಪೊರ್ಬುಗಳ ಪಟ್ಟಿ ಇರುವ ಸ್ಯಾಂಡಲು ಕಂಡರೆ ಕ್ಯಾಷು ತೆರೆದಿದೆ ಎಂದರ್ಥ.

ಆ ಮಧ್ಯಾಹ್ನ ಊಟವಾಗಿ ಕಣ್ಣು ಎಳೆಯುತ್ತಿದ್ದಾಗ ಮೆಷಿನ್ ರೂಮಿನಿಂದ ಸುಯ್ಯೆಂದು ಸದ್ದು ಬಂತು. ಹಿಂದೆಯೇ ವಾಸನೆ. ವಾಸನೆ ಎನ್ನುವುದು ಮರ್ಯಾದೆಯ ಮಾತು. ಯಾರೋ ಮೂಗಿನೊಳಗೆ ಕೈ ಹಾಕಿ ಕಣ್ಣನ್ನು ಹಿಂಡಿದ ಹಾಗಿತ್ತು. "ರಸ್ತೆಗೆ ಬೇಡ! ಕಡಲಿನ ಬದಿಗೆ ಓಡಿ! ಗಾಳಿಗೆ ಎದುರು ಓಡಿ!" ಎಂದು ಸುಂದರಣ್ಣ ಕೂಗಿದ.

ನಾವು ಬಾಗಿಲವರೆಗೆ ಓಡಿದೆವು. ಅಲ್ಲಿ ನಿಂತು ಚಪ್ಪಲಿ ಹುಡುಕಿದೆವು.

ಇದನ್ನು ನೆನೆದರೆ ಈಗಲೂ ಬೆವರುತ್ತೇನೆ. ಹಿಂದಿನಿಂದ ಬಿಳಿ ಹೊಗೆಯಂಥದ್ದು ಪ್ಯಾಸೇಜಿಗೆ ಇಳಿಯುತ್ತಿದೆ, ಪೊರ್ಬುಗಳು ಒಂಟಿ ಕಾಲಿನಲ್ಲಿ ಕುಣಿಯುತ್ತಾ ಸ್ಯಾಂಡಲಿನ ಬಕಲು ಹಾಕುತ್ತಿದ್ದಾರೆ. "ಪೊರ್ಬುಗಳೇ, ಬಕಲು ನಾಳೆ ಹಾಕಿ ಮಾರಾಯ್ರೆ!" ಎಂದು ಬೊಬ್ಬೆ ಹೊಡೆದ ಧನಿಗಳು ಸ್ವತಃ ಬೆಂಚಿನ ಅಡಿಯಲ್ಲಿ ತಮ್ಮ ಎಡಗಾಲಿನದ್ದನ್ನು ತಡಕಾಡುತ್ತಿದ್ದರು. ಪದವೀಧರೆಯಾದ ನಾನು ಚಪ್ಪಲಿಯ ಜೊತೆಗೆ ಟಿಫಿನ್ ಡಬ್ಬಿಯನ್ನೂ ಹಿಡಿದುಕೊಂಡಿದ್ದೆ. ವಾರಿಜಕ್ಕ ಮಾತ್ರ ಸೆರಗನ್ನು ಮೂಗಿಗೆ ಒತ್ತಿ ಬರಿಗಾಲಿನಲ್ಲಿ ಎಲ್ಲರಿಗಿಂತ ಮೊದಲು ಮರಳು ಮುಟ್ಟಿದ್ದರು.

ದೂರದಲ್ಲಿ ದೋಣಿಯ ನೆರಳಿಗೆ ನಿಂತು ನೋಡಿದೆವು. ಸುಂದರಣ್ಣ ಮಾಸ್ಕ್ ಹಾಕಿ ಒಳಗೆ ಹೋಗಿ ವಾಲ್ವ್ ತಿರುಗಿಸಿದನೆಂದು ಕಾಣುತ್ತದೆ, ಸುಯ್ಯೆನ್ನುವ ಸದ್ದು ಇಳಿಯಿತು. ಹೊರಗೆ ಬಂದ. ನಾವು ಉಸಿರು ಬಿಟ್ಟೆವು. ಬಂದವನು ಆಫೀಸಿನ ಬಾಗಿಲ ಬಳಿ ನಿಂತ, ನೆಲ ನೋಡಿದ, ಮತ್ತೆ ಗ್ಯಾಸು ತುಂಬಿದ್ದ ಒಳಕ್ಕೇ ನುಗ್ಗಿದ.

"ಇವನಿಗೆ ಎಂತಾಯ್ತು? ಆ ಮಾಸ್ಕ್ ಎಷ್ಟು ಹೊತ್ತು ಬರ್ತದೆ?" ಎಂದರು ಧನಿಗಳು. ಆಗ ವಾರಿಜಕ್ಕ ತಮ್ಮ ಕಾಲು ನೋಡಿಕೊಂಡು, "ಅಯ್ಯೋ ದೇವರೇ, ನನ್ನ ಚಪ್ಪಲಿ! ನಾನು ಒಳಗೆ ಇದ್ದೇನೆ ಅಂತ ಹೋದ!" ಎಂದು ಕಟ್ಟಡದ ಕಡೆಗೆ ಓಡತೊಡಗಿದರು. ಧನಿಗಳು ರಟ್ಟೆ ಹಿಡಿದು ನಿಲ್ಲಿಸಿದರು. "ನೀನೂ ಹೋದರೆ ನಿನ್ನನ್ನು ಹುಡುಕಲಿಕ್ಕೆ ಮತ್ತೆ ಯಾರು ಹೋಗುವುದು?"

ನಾವು ಕೂಗಿದೆವು. ಅಲೆಯ ಸದ್ದಿನಲ್ಲಿ ನಮ್ಮ ಕೂಗು ನಮಗೇ ಕೇಳಲಿಲ್ಲ. ಪೊರ್ಬುಗಳ ತುಟಿ ಸದ್ದಿಲ್ಲದೆ ಜಪ ಮಾಡುತ್ತಿತ್ತು. ಅಷ್ಟು ಹೊತ್ತು ನಾನು ಆ ಬಾಗಿಲನ್ನು ನೋಡಿದ್ದೇನೆ; ಈಗಲೂ ಕಣ್ಣು ಮುಚ್ಚಿದರೆ ಅದರ ಚಿಲಕ ಕೂಡ ಕಾಣಿಸುತ್ತದೆ.

ಕೊನೆಗೆ ಸುಂದರಣ್ಣ ಗೋಡೆ ಹಿಡಿದು ಹೊರಬಂದ. ಮಾಸ್ಕ್ ಕಿತ್ತು ಕೆಮ್ಮಿ ಕೆಮ್ಮಿ ಮರಳಿನ ಮೇಲೆ ಕುಳಿತ. ಮುಖಕ್ಕೆ, ಕಣ್ಣಿಗೆ ನೀರು ಹೊಯ್ಯುತ್ತಲೇ ಇದ್ದೆವು. ಕಣ್ಣು ಬಿಟ್ಟವನಿಗೆ ಎದುರಿಗೆ ವಾರಿಜಕ್ಕ. "ನೀವು ಇಲ್ಲಿದ್ದೀರಾ? ಬಾತ್‌ರೂಮಿನಲ್ಲಿ, ಕಪಾಟಿನ ಹಿಂದೆ, ಮೇಜಿನ ಅಡಿಯಲ್ಲಿ ಎಲ್ಲ ನೋಡಿದೆ ಮಾರಾಯ್ತಿ!"

ಸಾಕಷ್ಟು ದಪ್ಪಗಿದ್ದ ವಾರಿಜಕ್ಕ ಅಳುತ್ತಲೇ ಹೇಳಿದರು: "ಮೇಜಿನ ಅಡಿಯಲ್ಲಿ ನಾನು ಹಿಡಿಯುವುದುಂಟಾ ಸುಂದರಣ್ಣ?"

ಎಲ್ಲರೂ ನಕ್ಕೆವು. ಕಣ್ಣಿನ ನೀರು ಗ್ಯಾಸಿನದ್ದೋ ನಗುವಿನದ್ದೋ ಯಾರೂ ವಿಚಾರಿಸಲಿಲ್ಲ. ಸುಂದರಣ್ಣನನ್ನು ಉಡುಪಿಯ ಆಸ್ಪತ್ರೆಗೆ ಕರೆದೊಯ್ಯುವಾಗ ದಾರಿಯುದ್ದಕ್ಕೂ ಧನಿಗಳು ವಾರಿಜಕ್ಕನನ್ನು ಬೈದರು. "ಚಪ್ಪಲಿ ಹಾಕದೆ ಓಡಿದ್ದೇ ತಪ್ಪಾ ಹಾಗಾದರೆ?" ಎಂದು ಆಕೆ ಕೇಳಿದರು. ಸರಿಯಾಗಿ ನಡೆದುಕೊಂಡವರು ಅವರೊಬ್ಬರೇ ಆಗಿದ್ದರು.

ಆಮೇಲೆ ಹೊಸ ಪದ್ಧತಿ ಬಂತು. ಚಪ್ಪಲಿ ಹಾಕಿಕೊಂಡೇ ಕೆಲಸ. ದೇವರ ಪಟ ಧನಿಗಳ ಕೋಣೆಗೆ ಹೋಯಿತು. ಗಾಳಿ ನೋಡಲು ಬಿದಿರಿನ ತುದಿಯಲ್ಲಿ ಧನಿಗಳದೇ ಒಂದು ಹಳೆಯ ಶರ್ಟು. ಏನಾದರೂ ಆದರೆ ಎಲ್ಲರೂ ದೋಣಿಯ ಬಳಿ ಸೇರಿ ಹೆಸರು ಕೂಗಬೇಕು. ಕೂಗಿ ಮುಗಿಯುವವರೆಗೆ ಯಾರೂ ಒಳಗೆ ಹೋಗಕೂಡದು. ಈಗ ಅಲ್ಲಿ ಐಸ್ ಪ್ಲಾಂಟಿಲ್ಲ, ರೆಸಾರ್ಟಿದೆ. ನನ್ನ ಮಣಿಪಾಲದ ಆಫೀಸಿನಲ್ಲಿಯೂ ವರ್ಷಕ್ಕೊಮ್ಮೆ ಸೈರನ್ ಊದಿ ಹೊರಗೆ ಕಳುಹಿಸುತ್ತಾರೆ. ಜನ ಕಾಫಿ ಹಿಡಿದು ಫೋನು ನೋಡುತ್ತಾ ಇಳಿದು ಬರುತ್ತಾರೆ. ಯಾರೂ ಯಾರ ಹೆಸರನ್ನೂ ಕೂಗುವುದಿಲ್ಲ. ನನಗೆ ಆ ನಾಲ್ಕು ಜನರ ಆಫೀಸು ನೆನಪಾಗುತ್ತದೆ.

ಮೊನ್ನೆ ಕಾರ್ಕಳದಲ್ಲಿ ತಂಗಿಯ ಹೊಸ ಮನೆಯ ಒಕ್ಕಲು. ಸಂಜೆ ನೆಂಟರೆಲ್ಲ ಹೋದ ಮೇಲೆ ಮೆಟ್ಟಿಲ ಮೇಲೆ ಒಂದು ಜೊತೆ ಹೆಂಗಸರ ಚಪ್ಪಲಿ ಉಳಿದಿತ್ತು. ಎರಡೂ ಬಾತ್‌ರೂಮು ತಟ್ಟಿದೆ, ತಾರಸಿ ಹತ್ತಿದೆ, ಮಂಚದ ಅಡಿ ಬಗ್ಗಿದೆ. ತಂಗಿ ಬಂದು, "ಎಂತ ಅಕ್ಕ ಹುಡುಕುವುದು?" ಎಂದಳು.

"ಯಾರೋ ಒಬ್ಬರು ಒಳಗೇ ಉಳಿದಿದ್ದಾರೆ!"

ಅವಳು ಮೆಟ್ಟಿಲು ನೋಡಿದಳು, ನನ್ನನ್ನು ನೋಡಿದಳು. "ಅದು ನೀನು ನಿನ್ನೆ ಕೊಂಡ ಹೊಸ ಚಪ್ಪಲಿ ಅಲ್ವಾ?"