ಟಿಕೆಟ್ ಇಲ್ಲದ ಬಸ್ಸು

ಮನುಷ್ಯರಲ್ಲಿ ಎರಡೇ ಜಾತಿ, ಟಿಕೆಟ್ ಇದ್ದವರು ಮತ್ತು ಇಲ್ಲದವರು ಎಂದು ನಾನು ಬಹಳ ಕಾಲ ನಂಬಿಕೊಂಡಿದ್ದೆ. ಸರಕಾರಿ ಬಸ್ಸಿನಲ್ಲಿ ಮೊದಲು ಕಂಡಕ್ಟರನಾಗಿ, ಆಮೇಲೆ ದಾರಿ ಮಧ್ಯೆ ಕೈ ಅಡ್ಡ ಹಿಡಿದು ಬಸ್ಸು ಹತ್ತುವ ಚೆಕ್ಕಿಂಗಿನವನಾಗಿ ಸೇವೆ ಮುಗಿಸಿದವನಿಗೆ ಬೇರೆ ತತ್ವಜ್ಞಾನ ಎಲ್ಲಿಂದ ಬರಬೇಕು? ಟಿಕೆಟ್ ಇಲ್ಲದವನನ್ನು ಮುಖ ನೋಡಿಯೇ ಹೇಳಬಲ್ಲೆ ಎಂಬ ಹೆಮ್ಮೆ ನನಗಿತ್ತು. ನಾನು ಹತ್ತಿದ ಕೂಡಲೇ ಕೆಲವರಿಗೆ ಕಿಟಕಿಯಾಚೆಯ ರಬ್ಬರ್ ಮರಗಳಲ್ಲಿ ಇದ್ದಕ್ಕಿದ್ದಂತೆ ಆಸಕ್ತಿ ಹುಟ್ಟುತ್ತದೆ. ಕೆಲವರು ಪುತ್ತೂರಿಗಿಂತ ಮೊದಲೇ ಸಿಗುವ ಕಬಕಕ್ಕೆ ಟಿಕೆಟ್ ತೆಗೆದು, ನಿದ್ದೆ ಹೋಗಿ, ಪುತ್ತೂರಿನಲ್ಲಿ ಏಳುವ ಯೋಗಿಗಳು. ಇನ್ನು ಕೆಲವರು ಕಿಸೆ ತಡಕುತ್ತಾರೆ. ತಡಕುವುದರಲ್ಲೂ ಒಂದು ಕ್ರಮ ಉಂಟು. ಮೊದಲು ಅಂಗಿಯ ಕಿಸೆ, ಆಮೇಲೆ ಪ್ಯಾಂಟಿನ ಕಿಸೆಗಳು, ಆಮೇಲೆ ಪರ್ಸು, ಪರ್ಸಿನೊಳಗಿನ ದೇವರ ಪಟದ ಹಿಂದೆ, ಕೊನೆಗೆ ಪುನಃ ಅಂಗಿಯ ಕಿಸೆ. ಟಿಕೆಟ್ ನಿಜವಾಗಿ ಕಳೆದುಕೊಂಡವನು ಈ ಎರಡನೇ ಸುತ್ತಿಗೆ ಬರುವಾಗ ಬೆವರುತ್ತಾನೆ. ತೆಗೆದೇ ಇಲ್ಲದವನು ನಿಧಾನವಾಗಿ ಹುಡುಕುತ್ತಾನೆ, ಏಕೆಂದರೆ ಅಲ್ಲಿಲ್ಲ ಎಂದು ಅವನಿಗೆ ಮೊದಲೇ ಗೊತ್ತು. ಆದರೆ ಇದೆಲ್ಲಕ್ಕಿಂತ ಪಕ್ಕಾ ಗುರುತು ಇನ್ನೊಂದು. ಬಸ್ಸು ಲೇಟು, ಸೀಟು ಹರಿದಿದೆ, ಡ್ರೈವರನಿಗೆ ಬ್ರೇಕು ಹಾಕಲು ಬರುವುದಿಲ್ಲ, ಮೇಲಿನವರಿಗೆ ಬರೆದು ಹಾಕುತ್ತೇನೆ ಎಂದು ಯಾವನು ಎಲ್ಲರಿಗಿಂತ ದೊಡ್ಡ ಗಂಟಲಿನಲ್ಲಿ ದೂರುತ್ತಾನೋ, ಅವನ ಹತ್ತಿರ ಟಿಕೆಟ್ ಇರುವುದಿಲ್ಲ. ಈ ಸಿದ್ಧಾಂತವನ್ನು ಊಟಕ್ಕೆ ಕೂತಾಗ ಹೇಳಿ ಹೇಳಿ ನಮ್ಮ ಮನೆಯವರಿಗೆಲ್ಲ ಬಾಯಿಪಾಠ ಮಾಡಿಸಿದ್ದೆ.

ಈಗ ನಾಚಿಕೆಯ ವಿಷಯಕ್ಕೆ ಬರುತ್ತೇನೆ. ಜೀವಮಾನವೆಲ್ಲ ಬಸ್ಸಿನಲ್ಲಿದ್ದರೂ ನಾನು ಸ್ಟೇರಿಂಗ್ ಮುಟ್ಟಿದವನಲ್ಲ. ಡ್ರೈವರು ಒಂದು ಗತ್ತಿನಲ್ಲಿ ತಿರುವು ತೆಗೆಯುವಾಗ ಹಿಂದೆ ಕಂಬ ಹಿಡಿದು ತೂಗಾಡುವುದಷ್ಟೇ ನನ್ನ ಪಾಲಿಗೆ ಬಂದದ್ದು. ಆ ಆಸೆ ಒಳಗೇ ಉಳಿದಿತ್ತು. ನಿವೃತ್ತನಾಗಿ ಕಡಬದ ಮನೆಯಲ್ಲಿ ಕೂತಮೇಲೆ, ಅಕ್ಕನ ಮಗಳು ದೀಕ್ಷಾ ತನ್ನ ಹಳೆಯ ಲ್ಯಾಪ್‌ಟಾಪನ್ನು ನನಗೆ ಕೊಟ್ಟಳು. ಅಕ್ಕನ ಮನೆ ಇಚಿಲಂಪಾಡಿಯ ಒಳಗೆ, ಬಸ್ಸಿಗೆ ಅನನುಕೂಲ. ಹಾಗಾಗಿ ಪುತ್ತೂರಿನಲ್ಲಿ ಕಾನೂನು ಓದುವ ಈ ಹುಡುಗಿ ನಮ್ಮಲ್ಲೇ ಇರುವುದು. ಲ್ಯಾಪ್‌ಟಾಪ್ ರಿಪೇರಿಗೆಂದು ಪೇಟೆಯ ನವೀನನ ಅಂಗಡಿಗೆ ಹೋದಾಗ ಅವನ ಕಂಪ್ಯೂಟರಿನಲ್ಲಿ ಒಂದು ಬಸ್ಸು ಘಾಟಿ ಇಳಿಯುತ್ತಿತ್ತು. ಗೇಮ್ ಅಂತೆ. ನಮ್ಮದೇ ಬಸ್ಸು, ನಾವೇ ಡ್ರೈವರು, ನಾವೇ ಟಿಕೆಟ್ ಕೊಡಬೇಕು. ನಾನು ರಿಪೇರಿಯನ್ನು ಮರೆತು ನಿಂತುಬಿಟ್ಟೆ.

“ಹಾಕಿ ಕೊಡ್ಲಾ ಸರ್?” ಎಂದ ನವೀನ. “ಒರಿಜಿನಲ್ ಬೇಕಾ, ಹಾಗೇ ಸಾಕಾ?”

“ವ್ಯತ್ಯಾಸ ಎಂತ?”

“ಎಂತದೂ ಇಲ್ಲ. ಅದೇ ಬಸ್ಸು, ಅದೇ ರೋಡು. ಒರಿಜಿನಲ್‌ಗೆ ದುಡ್ಡು ಕೊಡ್ಬೇಕು, ಅಷ್ಟೇ.”

“ಹಾಗಾದರೆ ಹಾಗೇ ಸಾಕು ಮಾರಾಯ” ಎಂದೆ. ಹೇಳುವಾಗ ನಾಲಗೆ ತಡವರಿಸಲಿಲ್ಲ. ‘ಕಳ್ಳ ಪ್ರತಿ ಹಾಕಲಾ?’ ಎಂದು ಅವನು ಕೇಳಿದ್ದರೆ ನನ್ನೊಳಗಿನ ಚೆಕ್ಕಿಂಗಿನವನು ಎದ್ದು ನಿಲ್ಲುತ್ತಿದ್ದನೋ ಏನೋ. ‘ಹಾಗೇ’ ಎಂದದ್ದರಿಂದ ಅವನು ಮಲಗಿಯೇ ಇದ್ದ. ‘ಹಾಗೇ’ ಎಂಬ ಮಾತು ಎಷ್ಟು ಸಜ್ಜನವಾಗಿ ಕೇಳಿಸುತ್ತದೆ ನೋಡಿ. ಮನೆಗೆ ಬಂದವರು ‘ಹಾಗೇ ಬಂದೆ’ ಎನ್ನುವುದಿಲ್ಲವೇ, ಅಷ್ಟೇ ನಿರಪಾಯ.

ಮೊದಲ ಕೆಲವು ದಿನ ಸ್ವರ್ಗ. ಬೆಳಗ್ಗಿನ ಕಾಫಿ ಕುಡಿದು ಬಸ್ಸು ಹತ್ತಿದರೆ ಊಟಕ್ಕೆ ಇಳಿಯುತ್ತಿದ್ದೆ. ತಿರುವಿನಲ್ಲಿ ಹಾರ್ನು ಬಾರಿಸುವಾಗ ಬಾಯಿಯಲ್ಲೂ ‘ಪೋಂ’ ಎನ್ನುತ್ತಿದ್ದೆನೆಂದು ಹೆಂಡತಿ ಸುಮಿತ್ರಾ ಹೇಳುತ್ತಾಳೆ, ನನಗೆ ನೆನಪಿಲ್ಲ. ಆಮೇಲೊಂದು ದಿನ ಒಬ್ಬ ಟೊಪ್ಪಿಯ ಮನುಷ್ಯ ಹತ್ತಿದವನು ಟಿಕೆಟ್ ತೆಗೆಯದೆ ಹೋಗಿ ಕೂತ. ಮರುದಿನ ಅಂಥವರು ನಾಲ್ಕೈದು ಜನ. ವಾರ ಕಳೆಯುವಾಗ ಬಸ್ಸು ತುಂಬ ಅವರೇ. ಗುಂಡಿ ಒತ್ತಿದರೂ ಟಿಕೆಟ್ ಇಲ್ಲ, ಇಳಿಸಲಿಕ್ಕೆ ಉಪಾಯವಿಲ್ಲ. ಸಾಲದ್ದಕ್ಕೆ ಕನ್ನಡಿಯಲ್ಲಿ ನೋಡಿದರೆ ಆ ಟೊಪ್ಪಿಯವನು ಮುಗುಳ್ನಗುತ್ತಾನೆ. ಗಲ್ಲಾ ಖಾಲಿ, ಡೀಸೆಲಿಗೆ ಗತಿಯಿಲ್ಲ, ಬಸ್ಸು ಘಾಟಿಯ ನಡುವೆ ನಿಂತಿತು. “ಏಯ್, ಟಿಕೆಟ್! ಟಿಕೆಟ್ ಎಲ್ಲಿ?” ಎಂದು ನಾನು ಕೂಗಿದ್ದಕ್ಕೆ ಸುಮಿತ್ರಾ ಸೌಟು ಹಿಡಿದುಕೊಂಡೇ ಓಡಿ ಬಂದಳು. “ರಿಟೈರಾದ ಮೇಲಾದ್ರೂ ಜನರನ್ನು ಅವರ ಪಾಡಿಗೆ ಬಿಡಿ ಮಾರಾಯ್ರೆ” ಎಂದಳು. ಬಿಡುವುದು ಹೇಗೆ? ಸೇವೆಯಲ್ಲಿದ್ದಾಗಲೂ ಇಷ್ಟೊಂದು ಲಜ್ಜೆಗೆಟ್ಟ ಪ್ರಯಾಣಿಕರನ್ನು ನಾನು ಕಂಡಿರಲಿಲ್ಲ. ಕೆಲಸಕ್ಕೆ ಬಾರದ ಗೇಮು, ಮಾಡಿದವರಿಗೆ ಬುದ್ಧಿ ಇಲ್ಲ, ಜನರಿಗೆ ಮೋಸ, ಇಂಥವರನ್ನು ಸುಮ್ಮನೆ ಬಿಡಬಾರದು ಎಂದು ರಾತ್ರಿ ಊಟಕ್ಕೆ ಕೂತಾಗ ದೊಡ್ಡ ಗಂಟಲಿನಲ್ಲಿ ದೂರಿದೆ. ನನ್ನ ಸಿದ್ಧಾಂತ ಆಗ ನನಗೆ ನೆನಪಾಗಲಿಲ್ಲ.

ದೀಕ್ಷಾಳ ಕಿವಿ ನೆಟ್ಟಗಾಯಿತು. ಅವಳು ಕಾಲೇಜಿನ ಗ್ರಾಹಕ ಸಂಘದ ಕಾರ್ಯದರ್ಶಿ. ಗೇಮು ಆಡುವವಳಲ್ಲ, ಅನ್ಯಾಯ ಕಂಡರೆ ಮಾತ್ರ ಊಟ ಬಿಟ್ಟು ಏಳುವವಳು. “ಮಾವ, ಇದು ಸೇವೆಯಲ್ಲಿ ಲೋಪ. ನಾವು ಸುಮ್ಮನೆ ಕೂರುದಲ್ಲ” ಎಂದಳು. ಆಮೇಲೆ ಅನ್ನ ಕಲಸುತ್ತ, “ದುಡ್ಡು ಕೊಟ್ಟೇ ತಗೊಂಡದ್ದಲ್ವಾ?” ಎಂದು ಕೇಳಿದಳು.

ನಾನು, “ಮತ್ತೆ?” ಎಂದೆ.

ನಮ್ಮ ಕಡೆಯವರಿಗೆ ಈ ಮಾತಿನ ಬೆಲೆ ಗೊತ್ತು. ‘ಊಟ ಆಯ್ತಾ?’ ‘ಮತ್ತೆ?’ ‘ಮಗಳ ಮದುವೆ ನಿಶ್ಚಯ ಆಯ್ತಂತೆ?’ ‘ಮತ್ತೆ?’ ಅದು ಹೌದು ಎಂಬುದಕ್ಕಿಂತ ಗಟ್ಟಿಯಾದ ಹೌದು. ಆದರೆ ಹೌದು ಎಂದು ಹೇಳಿದಂತೆಯೂ ಅಲ್ಲ. ನಾಳೆ ಕೋರ್ಟಿನಲ್ಲಿ ನಿಲ್ಲಿಸಿದರೂ ‘ನಾನು ಕೇಳಿದ್ದು ಪ್ರಶ್ನೆ ಸ್ವಾಮಿ’ ಎನ್ನಬಹುದು. ಹಾಗಾಗಿ ನಾನು ಸುಳ್ಳು ಹೇಳಲಿಲ್ಲ ಎಂದು ಮಜ್ಜಿಗೆ ಬಡಿಸಿಕೊಳ್ಳುವಷ್ಟರಲ್ಲಿ ನನಗೆ ನಾನೇ ತೀರ್ಪು ಕೊಟ್ಟುಕೊಂಡೆ.

ದೀಕ್ಷಾ ಮರುದಿನವೇ ಗೇಮಿನವರ ಜಾಲತಾಣದಲ್ಲಿ, ಆಡುವವರೆಲ್ಲ ಬರೆಯುವ ಜಾಗದಲ್ಲಿ, ತನ್ನ ಹೆಸರು ಹಾಕಿ ದೂರು ಬರೆದಳು. ಸಾರಿಗೆಗೆ ಬಾಳು ಸವೆಸಿದ ಹಿರಿಯರೊಬ್ಬರಿಗೆ ಈ ವಯಸ್ಸಿನಲ್ಲಿ ನೀವು ಮಾಡಿದ ವಂಚನೆ ಎಂದು ಶುರುವಾಗುತ್ತಿತ್ತು. ಓದಿದಾಗ ನನ್ನ ಕಣ್ಣೇ ತೇವವಾಯಿತು. ಪುರಾವೆಗೆಂದು ಟೊಪ್ಪಿಯವನ ಚಿತ್ರವನ್ನೂ ಅಂಟಿಸಿದಳು. ಅಷ್ಟಕ್ಕೆ ಬಿಡಲಿಲ್ಲ. ಕಾಲೇಜಿನಲ್ಲಿ ಗ್ರಾಹಕ ಜಾಗೃತಿ ಕಾರ್ಯಕ್ರಮ ಇತ್ತು. ಅದರ ಆಮಂತ್ರಣದಲ್ಲಿ ‘ನೊಂದ ಗ್ರಾಹಕರೊಂದಿಗೆ ಸಂವಾದ’ ಎಂದು ಅಚ್ಚಾಯಿತು, ಕೆಳಗೆ ನನ್ನ ಹೆಸರು. ಬೇಡ ಎನ್ನಬೇಕಿತ್ತು. ಶಾಲು ಹೊದಿಸುತ್ತಾರೆ ಎಂದಳು, ಸುಮ್ಮನಾದೆ.

ನಿಜ ಹೇಳಲು ನಾನು ಪ್ರಯತ್ನಿಸಲಿಲ್ಲ ಎಂದಲ್ಲ. ಒಂದು ಸಂಜೆ ಅವಳು ಭಾಷಣ ಬರೆಯುತ್ತಿದ್ದಾಗ ಹತ್ತಿರ ಹೋಗಿ, “ದೀಕ್ಷಾ, ಆ ಗೇಮಿನ ವಿಷಯ...” ಎಂದು ಎಳೆದೆ. “ಹೆದರ್ಬೇಡಿ ಮಾವ. ದೊಡ್ಡ ಕಂಪೆನಿ ಅಂತ ಹೆದರಿಯೇ ನಮ್ಮ ಜನ ಬಾಯಿ ಬಿಡದೆ ಕೂರುದು. ನಾನಿದ್ದೇನಲ್ಲ” ಎಂದಳು. ಅಷ್ಟು ಭರವಸೆ ಕೊಟ್ಟವಳಿಗೆ ಎಂತ ಹೇಳುವುದು? ಮಾತು ತಪ್ಪಿಸಲು, ಈ ಗೇಮು ಕೊಳ್ಳುವುದೆಂದರೆ ಕಾನೂನಿನಲ್ಲಿ ಎಂತ ಎಂದು ಕೇಳಿದೆ. ದುಡ್ಡು ಕೊಟ್ಟರೂ ಗೇಮು ನಮ್ಮದಾಗುವುದಿಲ್ಲವಂತೆ, ಆಡಲಿಕ್ಕೆ ಲೈಸೆನ್ಸು ಮಾತ್ರ ಸಿಗುವುದಂತೆ. “ಓ, ಟಿಕೆಟಿನ ಹಾಗೆ” ಎಂದೆ. ಹಿಂದೊಮ್ಮೆ ಪಂಜದ ಸ್ಟಾಪಿನಲ್ಲಿ ಒಬ್ಬರು ಕಿಟಕಿಯಿಂದ ಟವೆಲು ಎಸೆದು ಸೀಟು ಹಿಡಿದವರು, ತಮ್ಮ ಸ್ಟಾಪು ಬಂದು ಇಳಿದು ಹೋಗುವಾಗಲೂ ಟವೆಲನ್ನು ಅಲ್ಲೇ ಬಿಟ್ಟು, ‘ಸಂಜೆ ಇದೇ ಬಸ್ಸಿಗೆ ಬರ್ತೇನೆ, ದುಡ್ಡು ಕೊಟ್ಟ ಸೀಟು’ ಎಂದಿದ್ದರು. ಟಿಕೆಟ್ ತೆಗೆದವನಿಗೆ ಪ್ರಯಾಣ ಸಿಗುತ್ತದೆ, ಬಸ್ಸು ಸಿಗುವುದಿಲ್ಲ ಎಂದು ಅವರಿಗೆ ನಾನು ತಿಳಿಹೇಳಿದ್ದನ್ನು ಅವಳಿಗೆ ಹೇಳಿದೆ. ದೀಕ್ಷಾ ಕುಣಿದುಬಿಟ್ಟಳು. “ಎಷ್ಟು ಚಂದ ಹೇಳಿದ್ರಿ ಮಾವ!” ಎಂದು ಭಾಷಣದಲ್ಲಿ ಸೇರಿಸಿಕೊಂಡಳು. ಹೀಗೆ ನನ್ನನ್ನು ಕಟ್ಟಿಹಾಕುವ ಹಗ್ಗಕ್ಕೆ ನಾನೇ ನಾರು ಒದಗಿಸಿದೆ.

ಕಾರ್ಯಕ್ರಮದ ದಿನ ಇಸ್ತ್ರಿ ಹಾಕಿದ ಬಿಳಿ ಅಂಗಿ ತೊಟ್ಟು ಅವಳೊಡನೆ ಪುತ್ತೂರಿನ ಬಸ್ಸು ಹತ್ತಿದೆ. ಆಲಂಕಾರು ದಾಟುವಾಗ ಅವಳ ಫೋನು ಟಿಣ್ ಎಂದಿತು. “ಮಾವ, ಉತ್ತರ ಬಂತು!” ಎಂದು ಓದತೊಡಗಿದವಳು ನಡುವೆ ನಿಧಾನವಾದಳು, ಆಮೇಲೆ ಫೋನನ್ನು ನನ್ನ ಕೈಗೆ ಕೊಟ್ಟಳು. ಬಹಳ ವಿನಯದ ಉತ್ತರ. ನಮ್ಮದು ದೊಡ್ಡ ಕಂಪೆನಿಯಲ್ಲ, ನಾವು ಅಣ್ಣ ತಂಗಿ ಇಬ್ಬರೇ ಸೇರಿ ಈ ಗೇಮು ಮಾಡಿದ್ದು. ಆ ಟೊಪ್ಪಿಯ ಪ್ರಯಾಣಿಕ ಮತ್ತು ಅವನ ಬಳಗವನ್ನು ನಾವೇ ಬೇಕೆಂದು ಇಟ್ಟಿದ್ದೇವೆ, ಆದರೆ ದುಡ್ಡು ಕೊಡದೆ ತೆಗೆದ ಪ್ರತಿಗಳಲ್ಲಿ ಮಾತ್ರ ಅವರು ಬಸ್ಸು ಹತ್ತುತ್ತಾರೆ. ದುಡ್ಡು ಕೊಟ್ಟವರ ಬಸ್ಸಿನಲ್ಲಿ ಎಲ್ಲರೂ ಟಿಕೆಟ್ ತೆಗೆಯುತ್ತಾರೆ. ನಮ್ಮಿಂದಲೇ ತಪ್ಪಾಗಿದ್ದರೆ ಕ್ಷಮಿಸಿ, ದಯವಿಟ್ಟು ರಶೀದಿ ಕಳಿಸಿ, ಹೊಸ ಪ್ರತಿ ಕೊಡುತ್ತೇವೆ. ಇಷ್ಟು ಬರೆದಿತ್ತು. ಅದರ ಕೆಳಗೆ ಯಾವ್ಯಾವುದೋ ದೇಶದವರು ದೀಕ್ಷಾಳ ಹೆಸರು ಹಿಡಿದು ತಮಾಷೆ ಮಾಡಿದ್ದರು. ಹಳದಿ ಮುಖಗಳು ಕಣ್ಣೀರು ಸುರಿಸಿ ನಗುತ್ತಿದ್ದವು.

ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಅವಳು ಮಾತ್ರ ಆಗಲೂ ನನ್ನನ್ನು ನಂಬಿಯೇ ಇದ್ದಳು. “ನಗ್ಲಿ ಬಿಡಿ, ನಾವು ರಶೀದಿ ಹಾಕುವಾ. ರಶೀದಿ ಉಂಟಲ್ಲ ಮಾವ?” ಎಂದಳು.

ಆಗಲಾದರೂ ಬಾಯಿ ಬಿಡಬಹುದಿತ್ತು. ಬಿಡುವ ಬದಲು ನನ್ನ ಕೈ ತಾನಾಗಿ ಅಂಗಿಯ ಕಿಸೆಗೆ ಹೋಯಿತು. ಅಲ್ಲಿಂದ ಪ್ಯಾಂಟಿನ ಕಿಸೆಗೆ. ಪರ್ಸು ತೆಗೆದೆ. ದೇವರ ಪಟದ ಹಿಂದೆ ಬೆರಳು ಹಾಕಿದೆ. ಕಂಪ್ಯೂಟರಿನ ಗೇಮಿಗೆ ಕಿಸೆಯಲ್ಲಿ ರಶೀದಿ ಇರುತ್ತದೆಯೇ ಎಂದು ನೀವು ಕೇಳಬಹುದು, ನನಗೆ ಆಗ ಅದೆಲ್ಲ ಹೊಳೆಯಲಿಲ್ಲ. ನಿಧಾನವಾಗಿ ಪುನಃ ಅಂಗಿಯ ಕಿಸೆಗೆ ಬಂದೆ, ಆಮೇಲೆ ಕಿಟಕಿಯಾಚೆಯ ರಬ್ಬರ್ ಮರಗಳನ್ನು ನೋಡತೊಡಗಿದೆ. ದೀಕ್ಷಾ ಇದನ್ನೆಲ್ಲ ನೋಡುತ್ತಿದ್ದಳು. ನನ್ನ ಊಟದ ಹೊತ್ತಿನ ಕಥೆಗಳನ್ನು ಚಿಕ್ಕಂದಿನಿಂದ ಕೇಳಿ ಬೆಳೆದವಳು, ಒಂದೊಂದು ಕಿಸೆಯ ಅರ್ಥವೂ ಅವಳಿಗೆ ಗೊತ್ತು.

“ಸಾಕು ಮಾವ” ಎಂದಳು.

 ಸವಣೂರಿನಿಂದ ಪುತ್ತೂರಿನವರೆಗೆ ಅವಳು ಭಾಷಣದ ಹಾಳೆಯಲ್ಲಿ ಒಂದಷ್ಟು ಸಾಲುಗಳನ್ನು ಹೊಡೆದುಹಾಕುತ್ತಿದ್ದಳು. ಒಂದೆರಡು ಬೈಗುಳ ಬೈದಿದ್ದರೆ ನನಗೆ ಉಸಿರಾಟ ಸಲೀಸಾಗುತ್ತಿತ್ತು.

ವೇದಿಕೆಯ ಮೇಲೆ ನನ್ನನ್ನು ಪ್ರಿನ್ಸಿಪಾಲರ ಪಕ್ಕದಲ್ಲೇ ಕೂರಿಸಿದರು. ದೀಕ್ಷಾ ಮಾತಾಡಲು ಎದ್ದಳು. ನನ್ನ ಹೆಸರು ಹೇಳಿದಳು, ಬಸ್ಸಿನ ಗೇಮಿನ ಸುದ್ದಿ ಎತ್ತಲೇ ಇಲ್ಲ. “ನನ್ನ ಮಾವ ಹೇಳುದುಂಟು, ಟಿಕೆಟ್ ತೆಗೆದವನಿಗೆ ಪ್ರಯಾಣ ಸಿಗುತ್ತದೆ, ಬಸ್ಸು ಸಿಗುವುದಿಲ್ಲ ಅಂತ” ಎಂದಾಗ ಸಭೆ ಚಪ್ಪಾಳೆ ತಟ್ಟಿತು. ದುಡ್ಡು ಕೊಟ್ಟು ಕೊಂಡ ಯಾವುದೇ ಗೇಮನ್ನು ಕಂಪೆನಿಯವರು ನಾಳೆ ನಿಲ್ಲಿಸಿಬಿಟ್ಟರೆ, ಅರ್ಧ ದಾರಿಯಲ್ಲಿ ಇಳಿಸಿ ಹೋದ ಬಸ್ಸಿನಂತೆ, ಏಕೆ ಎಂದು ಕೇಳುವ ಹಕ್ಕು ನಮಗುಂಟು ಎಂದು ಚೆನ್ನಾಗಿ ವಿವರಿಸಿದಳು. “ಆದರೆ ಕೇಳುವವನ ಕೈಯಲ್ಲಿ ಟಿಕೆಟ್ ಇರಬೇಕು” ಎಂದು ಮುಗಿಸಿದಳು. ಅದನ್ನು ಹೇಳುವಾಗ ನನ್ನ ಕಡೆ ನೋಡಲಿಲ್ಲ. ಯಾರೂ ನೋಡಲಿಲ್ಲ. ಆದರೂ ಕುಂಬಳಕಾಯಿ ಕಳ್ಳನ ಹಾಗೆ ನನ್ನ ಕೈ ಹೆಗಲಿಗೆ ಹೋಯಿತು, ಅಲ್ಲಿ ಆಗಷ್ಟೇ ಹೊದಿಸಿದ ಶಾಲು ಇತ್ತು.

ನೊಂದ ಗ್ರಾಹಕರು ಎರಡು ಮಾತಾಡಬೇಕು ಎಂದರು. ಎದ್ದು ನಿಂತೆ. ಎಲ್ಲವನ್ನೂ ಒಪ್ಪಿಕೊಂಡುಬಿಡೋಣ ಎಂದೇ ಮೈಕು ಹಿಡಿದೆ. ಎದುರಿಗೆ ಅಷ್ಟೊಂದು ಹುಡುಗ ಹುಡುಗಿಯರು, ಪಕ್ಕದಲ್ಲಿ ಬಗ್ಗಿಸಿದ ತಲೆಯ ದೀಕ್ಷಾ. “ಎಲ್ಲರೂ... ಟಿಕೆಟ್ ತೆಗೆದುಕೊಳ್ಳಿ” ಎಂದಷ್ಟೇ ಹೊರಬಂತು. ಕೂತುಬಿಟ್ಟೆ. ಎಷ್ಟು ಕಡಿಮೆ ಮಾತು, ಎಂಥ ಪ್ರಾಮಾಣಿಕ ಜೀವ ಎಂದು ಪ್ರಿನ್ಸಿಪಾಲರು ಕೊಂಡಾಡಿದರು. ನನ್ನ ಜೀವಮಾನದಲ್ಲಿ ಅಷ್ಟು ದೊಡ್ಡ ಚಪ್ಪಾಳೆ ಬಿದ್ದದ್ದು ಅದೊಂದೇ ಸಲ, ಅದನ್ನು ಎಲ್ಲಿ ಅಡಗಿಸುವುದೆಂದು ಗೊತ್ತಾಗಲಿಲ್ಲ.

ಸಂಜೆಯ ಬಸ್ಸಿನ ಕಂಡಕ್ಟರು ನನ್ನ ಕೈಕೆಳಗೆ ಪಳಗಿದ ಹುಡುಗ. ಶಾಲು ನೋಡಿ ಹಲ್ಲು ಬಿಟ್ಟು, “ಕೂತ್ಕೊಳ್ಳಿ ಸರ್, ನಿಮಗೆಂತ ಟಿಕೆಟ್!” ಎಂದು ಮುಂದೆ ಹೋಗುವವನಿದ್ದ. ಬೇರೆ ದಿನವಾದರೆ ನಾನೂ ‘ಆಯ್ತು ಮಾರಾಯ’ ಎಂದು ಕಾಲು ಚಾಚುತ್ತಿದ್ದೆ. ಎಷ್ಟೋ ಸಲ ಚಾಚಿದ್ದೇನೆ ಎಂಬುದೂ ಆಗಲೇ ನೆನಪಾಯಿತು. ದೀಕ್ಷಾ ಅವನನ್ನು ನಿಲ್ಲಿಸಿದಳು. ಹೆಂಗಸರಿಗೆ ಈಗ ಪ್ರಯಾಣ ಉಚಿತ, ಆದರೂ ಸೊನ್ನೆ ರೂಪಾಯಿಯ ಟಿಕೆಟ್ ತೆಗೆಯಲೇಬೇಕು. ತನಗೆ ಅದನ್ನು ಕೇಳಿ ಪಡೆದು, “ಮಾವನಿಗೆ ಕಡಬಕ್ಕೆ ಒಂದು ಕೊಡಿ” ಎಂದು ದುಡ್ಡು ಚಾಚಿದಳು. ಟಿಕೆಟನ್ನು ನನ್ನ ಅಂಗಿಯ ಕಿಸೆಯಲ್ಲಿ ಅವಳೇ ಇಟ್ಟಳು. “ಚೆಕ್ಕಿಂಗ್ ಬಂದ್ರೆ ಹುಡುಕುದು ಬೇಡ” ಎಂದಳು. ಬೆಳಗ್ಗೆ ‘ಸಾಕು ಮಾವ’ ಎಂದ ಮೇಲೆ ಅವಳು ನನ್ನೊಡನೆ ಆಡಿದ ಮೊದಲ ಮಾತು ಅದು.

ಮನೆಗೆ ಬಂದವನೇ ಆ ಅಣ್ಣ ತಂಗಿಯರ ಗೇಮನ್ನು ದುಡ್ಡು ಕೊಟ್ಟು ತೆಗೆದೆ. ಒಪ್ಪಿಗೆಯ ಗುಂಡಿ ಒತ್ತುವ ಮೊದಲು ಅಲ್ಲಿದ್ದ ಉದ್ದದ ಷರತ್ತುಗಳನ್ನೆಲ್ಲ ಗಟ್ಟಿಯಾಗಿ ಓದುವ ಶಿಕ್ಷೆಯನ್ನು ದೀಕ್ಷಾ ವಿಧಿಸಿದಳು. ಬಸ್ಸು ನಿನ್ನದಲ್ಲ, ರಸ್ತೆ ನಿನ್ನದಲ್ಲ, ಯಾವಾಗ ಬೇಕಾದರೂ ನಿಲ್ಲಿಸುತ್ತೇವೆ ಎಂದಿತ್ತು. “ಇದು ಅನ್ಯಾಯ ಅಲ್ವಾ?” ಎಂದು ಬಾಯಿಗೆ ಬಂತು. “ಅನ್ಯಾಯವೇ. ಈಗ ನೀವು ದೂರಬಹುದು ಮಾವ” ಎಂದು ಸ್ವಲ್ಪವೇ ನಕ್ಕಳು. ಜಾಲತಾಣದಲ್ಲಿ ಅವಳ ಹೆಸರಿನ ಕೆಳಗೆ ನನ್ನ ಹೆಸರಿನಲ್ಲಿ, ತಪ್ಪು ನನ್ನದು, ಹುಡುಗಿಗೆ ಗೊತ್ತಿರಲಿಲ್ಲ ಎಂದು ಬರೆದೆ. ಹಳದಿ ಮುಖಗಳು ನನಗೂ ನಕ್ಕವು. ಅದು ನ್ಯಾಯವೇ.

ಆಗ ಸುಮಿತ್ರಾ ಶಾಲನ್ನು ಬೆಳಕಿಗೆ ಹಿಡಿದು ನೋಡುತ್ತ ಒಳಗಿನಿಂದ ಬಂದಳು. ಅವಳಿಗೆ ನಡೆದದ್ದೊಂದೂ ಗೊತ್ತಿಲ್ಲ. “ಒಳ್ಳೆ ಶಾಲು. ಮಾವ ಚಂದ ಮಾತಾಡಿದ್ರಾ? ಎಲ್ಲ ಸರಿ ಆಯ್ತಾ?” ಎಂದು ದೀಕ್ಷಾಳನ್ನು ಕೇಳಿದಳು.

ದೀಕ್ಷಾ ತಲೆಯೆತ್ತಿ, “ಮತ್ತೆ?” ಎಂದಳು.

ನಾನು ಅವಳ ಮುಖವನ್ನೇ ನೋಡಿದೆ. ಎಷ್ಟು ವರ್ಷದ ಕಸುಬು ನನ್ನದು! ಆದರೆ ಅಲ್ಲಿ ಹಿಡಿಯುವಂಥದ್ದು ಏನೂ ಕಾಣಲಿಲ್ಲ. ಒಂದೇ ಒಂದು ಸಲ ಹೇಳಿಕೊಟ್ಟದ್ದು, ಹುಡುಗಿ ನನಗಿಂತ ಚೆನ್ನಾಗಿ ಕಲಿತಿದ್ದಾಳೆ.